ಪೈಲಟ್‌ಗೆ ನೋವಿಲ್ಲ

"ನೋವು ಯಾವಾಗಿಂದ ಇದೆ ಮೇಡಂ?"

ಸ್ಟ್ರೆಚರ್ ಮೇಲೆ ಮುದುಡಿ ಮಲಗಿದ್ದ ಅವಳು ಕಣ್ಣು ಬಿಟ್ಟಳು. ಮೇಲೆ ಟ್ಯೂಬ್‌ಲೈಟು, ಅದರ ಕೆಳಗೆ ಒಂದು ಫೈಲು, ಫೈಲಿನ ಹಿಂದೆ ಒಬ್ಬ ಕನ್ನಡಕದವನು.

"ಇವತ್ತು ಬೆಳಿಗ್ಗೆಯಿಂದ," ಎಂದಳು.

"ಅದಕ್ಕೂ ಮುಂಚೆ?"

"ಇಲ್ಲ."

ಅಷ್ಟರಲ್ಲಿ ನರ್ಸ್ ಅವಳ ಬಿಳಿ ಯೂನಿಫಾರ್ಮ್ ಶರ್ಟಿನ ಜೇಬು ಖಾಲಿ ಮಾಡುತ್ತಿದ್ದರು. ಪೆನ್ನು ಬಂತು, ಐಡಿ ಕಾರ್ಡ್ ಬಂತು, ಹಿಂದೆಯೇ ನೋವಿನ ಮಾತ್ರೆಯ ಸ್ಟ್ರಿಪ್‌ಗಳು ಬಂದವು. ಒಂದರಲ್ಲೂ ಮಾತ್ರೆ ಉಳಿದಿರಲಿಲ್ಲ.

ಅವನು ಸ್ಟ್ರಿಪ್‌ಗಳನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಬೆಳಿಗ್ಗೆ ಶುರುವಾದ ನೋವಿಗೆ ಇಷ್ಟೂ ಮಾತ್ರೆ ತಗೊಂಡ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ... ಅವಳ ಕೈ ತಾನಾಗಿಯೇ ಜೇಬಿನ ಕಡೆ ಹೋಯಿತು.

"ನೀವು ಡಾಕ್ಟರಾ?"

"ಅಲ್ಲ. ಇನ್ಶೂರೆನ್ಸ್ ಡೆಸ್ಕಿನವನು."

"ಹಾಗಾದ್ರೆ ನನ್ನ ಹೊಟ್ಟೆ ತಗೊಂಡು ನಿಮಗೇನಾಗಬೇಕು?"

"ಬಿಲ್ ಕಟ್ಟೋರು ನನ್ನ ಕೇಳ್ತಾರೆ. ಅದಕ್ಕೆ ನಾನು ನಿಮ್ಮನ್ನ ಕೇಳ್ದೆ," ಎಂದ ಅವನು, ಬೇಸರವೇ ಇಲ್ಲದ ದನಿಯಲ್ಲಿ. "ಬೆಳಿಗ್ಗೆಯಿಂದ ಅಂತಾನೇ ಬರ್ಕೊಳ್ಲಾ?"

"ಬರ್ಕೊಳ್ಳಿ."

ಅವನು ಬರೆದುಕೊಂಡು ಹೋದ. ನೋವಿನಲ್ಲೂ ಅವಳಿಗೆ ಮೈಯೆಲ್ಲ ಉರಿಯಿತು. ಎಂಥ ಮನುಷ್ಯ... ಸಾಯ್ತಿರೋಳ ಜೇಬು ಎಣಿಸ್ತಾನೆ!

ಅವಳು ವಿಮಾನದ ಕೋ-ಪೈಲಟ್. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಾರೆ. ಸಣ್ಣಗಿದ್ದಾಳೆ, ಒಂದು ಕಡೆ ಕೂರುವುದಿಲ್ಲ, ಅದಕ್ಕೆ. ಆ ದಿನ ವಿಮಾನ ಇಳಿಯಲು ಶುರುವಾಗಿದ್ದಾಗ ಬಲ ಪಕ್ಕೆಯ ಕೆಳಗೆ ಯಾರೋ ಕೈ ಹಾಕಿ ಹಿಂಡಿದಂತಾಗಿ ಅವಳ ಕಣ್ಣು ಕತ್ತಲಿಟ್ಟಿತ್ತು. "ಕ್ಯಾಪ್ಟನ್, ನೀವು ತಗೊಳ್ಳಿ," ಎಂದಷ್ಟೇ ಹೇಳಿ ಕೈ ಬಿಟ್ಟಿದ್ದಳು. ಕ್ಯಾಪ್ಟನ್ ಒಬ್ಬರೇ ವಿಮಾನ ಇಳಿಸಿದರು. ಅಲ್ಲಿಂದ ಆಂಬುಲೆನ್ಸು, ಅಲ್ಲಿಂದ ಈ ಎಮರ್ಜೆನ್ಸಿ ವಾರ್ಡು.

ನೋವು ಬೆಳಿಗ್ಗೆ ಶುರುವಾದದ್ದಲ್ಲ. ತಿಂಗಳುಗಳಿಂದ ಇತ್ತು. ಎಣ್ಣೆಯದ್ದು ಏನು ತಿಂದರೂ ಬರುತ್ತಿತ್ತು, ಮಾತ್ರೆ ನುಂಗಿದರೆ ಹೋಗುತ್ತಿತ್ತು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಓಡಾಡುತ್ತಿದ್ದಳು, ಅಷ್ಟೇ.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ? ಪೈಲಟ್‌ಗಳಲ್ಲಿ ಒಂದು ಮಾತಿದೆ: ಡಾಕ್ಟರ ರೂಮಿಗೆ ಪೈಲಟ್ ಆಗಿ ಹೋದವರು ಪ್ಯಾಸೆಂಜರ್ ಆಗಿ ಹೊರಗೆ ಬರುತ್ತಾರೆ. ಒಂದು ನೋವು ಹೇಳಿಕೊಂಡರೆ ಸಾಕು, ಹಾರಲು ಅರ್ಹರೆಂದು ಕೊಡುವ ಫಿಟ್‌ನೆಸ್ ನಿಲ್ಲುತ್ತದೆ. ಫಿಟ್‌ನೆಸ್ ನಿಂತರೆ ಹಾರಾಟ ನಿಲ್ಲುತ್ತದೆ. ಅದಕ್ಕೇ ತಲೆ ನೋಯುತ್ತಿದ್ದರೂ, ಬೆನ್ನು ಹಿಡಿದಿದ್ದರೂ, ಕೇಳಿದವರಿಗೆಲ್ಲ ಅವರದ್ದು ಒಂದೇ ಉತ್ತರ. ಚೆನ್ನಾಗಿದೀನಿ. ಗುಬ್ಬಿಗೆ ಆ ಉತ್ತರ ಉಸಿರಿನಷ್ಟೇ ಅಭ್ಯಾಸವಾಗಿತ್ತು. ಹಾರುವುದೊಂದು ಬಿಟ್ಟರೆ ಅವಳಿಗೆ ಬೇರೆ ಏನೂ ಬೇಕಿರಲಿಲ್ಲ.

ಆಪರೇಷನ್ ಆಯಿತು. ಪಿತ್ತಕೋಶದ ತುಂಬ ಕಲ್ಲು, ಅದು ಒಡೆದು ಒಳಗೆಲ್ಲ ಕೀವು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಸರ್ಜನ್ ಅವಳ ಅಕ್ಕನಿಗೆ ಹೇಳಿದರು. ಅಕ್ಕ ಶಾಲೆಯಲ್ಲಿ ಗಣಿತದ ಟೀಚರು. ಅಳುವುದಕ್ಕಿಂತ ಬೈಯುವುದು ಅವಳಿಗೆ ಚೆನ್ನಾಗಿ ಬರುತ್ತದೆ. ಐಸಿಯು ಬಾಗಿಲಲ್ಲಿ ಮಾತ್ರ ಅತ್ತಳು.

ಗುಬ್ಬಿ ವಾರ್ಡಿಗೆ ಬಂದ ಮಧ್ಯಾಹ್ನ ಕನ್ನಡಕದವನು ಮತ್ತೆ ಬಂದ. ಆಸ್ಪತ್ರೆಯಲ್ಲಿ ಅವನಿಗೆ ಫೈಲ್ ಸಾರ್ ಎಂದೇ ಹೆಸರು.

"ಮೇಡಂ, ನಿಮ್ಮ ಕ್ಲೇಮ್ ನಿಂತಿದೆ. ನೋವು ಅವತ್ತೇ ಶುರುವಾಯ್ತು ಅಂತ ನೀವು ಹೇಳಿದೀರಿ. ಕಲ್ಲು ತುಂಬ ಹಳೇದು, ನೋವಿಲ್ಲದೆ ಇರೋಕೆ ಸಾಧ್ಯವೇ ಇಲ್ಲ ಅಂತ ಸರ್ಜನ್ ಬರೆದಿದಾರೆ. ಎರಡೂ ತಾಳೆ ಆಗ್ತಿಲ್ಲ. ವಿಮಾ ಕಂಪನಿ ಡಾಕ್ಟರು ನಿಮ್ಮ ಹತ್ರಾನೇ ಮಾತಾಡ್ಬೇಕಂತೆ."

"ನಾನು ಹೇಳಿದ್ದೇ ನಿಜ."

ಅಕ್ಕ ಬಾಯಿ ತೆರೆದಳು. ಗುಬ್ಬಿ ಕಣ್ಣಲ್ಲೇ ಮುಚ್ಚಿಸಿದಳು. ಕ್ಲೇಮ್ ಪಾಸಾಗದಿದ್ದರೆ ತಾನು ಮನೆ ಕಟ್ಟಲೆಂದು ಇಟ್ಟಿದ್ದ ಹಣವನ್ನೇ ತೆಗೆಯಬೇಕು ಎಂದು ಅಕ್ಕ ಆಗಲೇ ಲೆಕ್ಕ ಹಾಕಿದ್ದಳು. ಅದು ಗುಬ್ಬಿಗೂ ಗೊತ್ತಿತ್ತು. ಆದರೂ... ನಿಜ ಒಂದು ಸಲ ಬಾಯಿಂದ ಬಿದ್ದರೆ ಎಲ್ಲಿ ನಿಲ್ಲುತ್ತದೆ? ಇಂದು ವಿಮಾ ಕಂಪನಿ, ನಾಳೆ ತನ್ನ ಕಂಪನಿ, ನಾಡಿದ್ದು ಲೈಸೆನ್ಸ್.

ಫೈಲ್ ಸಾರ್ ಫೈಲು ಮುಚ್ಚಿದ.

"ಒಂದು ಮಾತು ಕೇಳ್ಲಾ? ವಿಮಾನದಲ್ಲಿ ಕೆಂಪು ದೀಪ ಹತ್ತಿದ್ರೆ ಅದರ ಮೇಲೆ ಕರ್ಚೀಫ್ ಹಾಕಿ ಮುಚ್ತೀರಾ?"

"ನಿಮ್ಮ ಕೆಲಸ ಮುಗೀತಾ?"

"ಇಲ್ಲ. ಆದ್ರೂ ಹೋಗ್ತೀನಿ," ಎಂದು ಹೋದ.

ಮರುದಿನ ಗುಬ್ಬಿಯ ಕಂಪನಿಯಿಂದ ಫೋನ್ ಬಂತು. ಫಿಟ್‌ನೆಸ್ ಪರೀಕ್ಷೆ ಆಗುವವರೆಗೆ ಅವಳು ಹಾರುವಂತಿಲ್ಲ. ಎರಡೇ ವಾಕ್ಯ. ಅವಳು ಫೋನ್ ಹಾಸಿಗೆ ಮೇಲೆ ಎಸೆದಳು.

ಯಾರು ಹೇಳಿದ್ದು? ಇನ್ಯಾರು!

ಸಂಜೆ ಅವನು ಬಾಗಿಲಲ್ಲಿ ಕಾಣಿಸಿದ್ದೇ ತಡ, ಗುಬ್ಬಿ ಎದ್ದು ಕೂರಲು ಹೋಗಿ, ಆಗದೆ, ಮಲಗಿದಲ್ಲಿಂದಲೇ ಕೂಗಿದಳು.

"ಖುಷಿ ಆಯ್ತಾ? ನನ್ನ ಕೆಳಗಿಳಿಸಿದ್ರಲ್ಲ, ಖುಷಿ ಆಯ್ತಾ ನಿಮಗೆ?"

ಪಕ್ಕದ ಹಾಸಿಗೆಯ ಅಜ್ಜಿ ತಿರುಗಿ ನೋಡಿದರು. ಡ್ರಿಪ್ ಬದಲಿಸುತ್ತಿದ್ದ ನರ್ಸ್ ಕೈ ನಿಲ್ಲಿಸಿದರು.

"ನಾನು ಯಾರಿಗೂ ಏನೂ ಹೇಳಿಲ್ಲ," ಎಂದ ಅವನು.

"ಫೈಲ್ ಹಿಡ್ಕೊಂಡು ನನ್ನ ಸುತ್ತ ಸುತ್ತಿದ್ದು ನೀವೊಬ್ರೇ. ಇನ್ನೊಂದ್ಸಲ ಈ ಕಡೆ ಬರ್ಬೇಡಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳ ಟೇಬಲ್ಲಿನ ಮೇಲೆ ತಾನು ತಂದಿದ್ದ ಕಿತ್ತಳೆ ಹಣ್ಣಿನ ಚೀಲವನ್ನು ಇಡಲೋ ಬೇಡವೋ ಎಂದು ನೋಡಿ, ಪಕ್ಕದ ಅಜ್ಜಿಯ ಟೇಬಲ್ ಮೇಲಿಟ್ಟು ಹೊರಟುಹೋದ.

ಅಂದಿನಿಂದ ಡೆಸ್ಕಿನ ಕೆಲಸಕ್ಕೆ ಅವನ ಬದಲು ಒಬ್ಬ ಹುಡುಗಿ ಬರತೊಡಗಿದಳು. ಚುರುಕಾಗಿದ್ದಳು, ಮರ್ಯಾದೆಯಿಂದ ಮಾತಾಡುತ್ತಿದ್ದಳು, ಕೆಂಪು ದೀಪದ ಸುದ್ದಿ ಎತ್ತುತ್ತಿರಲಿಲ್ಲ. ಆದರೂ ಮಧ್ಯಾಹ್ನವಾದರೆ ಗುಬ್ಬಿಯ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಅದಕ್ಕಾಗಿ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬರಬೇಡ ಎಂದವಳು ನಾನೇ, ಬರಲಿಲ್ಲ ಎಂದು ಸಂಕಟಪಡುವವಳೂ ನಾನೇ... ನನಗೇನು ತಲೆ ಕೆಟ್ಟಿದೆಯಾ?

ಆ ವಾರವೇ ಕ್ಯಾಪ್ಟನ್ ನೋಡಲು ಬಂದರು. ನರೆತ ಮೀಸೆ, ದೊಡ್ಡ ದನಿ, ಅಪ್ಪನ ವಯಸ್ಸಿನವರು.

"ಹೇಗಿದೀಯಮ್ಮಾ? ಹಾರೋದು ನಿಲ್ಸಿದಾರೆ ಅಂತ ಕಂಡವರ ಮೇಲೆಲ್ಲ ಹಾರಾಡ್ತಿದೀಯಂತೆ."

"ಯಾರೋ ಆಸ್ಪತ್ರೆಯಿಂದ ಹೇಳಿದ್ರು ಸಾರ್. ಇಲ್ಲಾಂದ್ರೆ..."

"ಯಾರೋ ಅಲ್ಲ. ನಾನೇ."

ಗುಬ್ಬಿ ದಿಂಬಿನಿಂದ ತಲೆಯೆತ್ತಿ ಅವರನ್ನು ನೋಡಿದಳು.

"ನನ್ನ ಕೋ-ಪೈಲಟ್ ವಿಮಾನ ಇಳಿಸ್ಬೇಕಾದಾಗ ಕೈ ಬಿಟ್ಳು. ಇಳಿದ ಕೂಡ್ಲೇ ಅದನ್ನ ಬರೆದು ಕೊಡ್ಬೇಕು. ರೂಲ್ಸ್ ನಿಂಗೂ ಗೊತ್ತು. ನನ್ನ ಜಾಗದಲ್ಲಿ ನೀನಿದ್ದಿದ್ರೆ ಬರೀತಿರ್ಲಿಲ್ವಾ?"

ಬರೆಯುತ್ತಿದ್ದಳು. ಅಪ್ಪನೇ ಆಗಿದ್ದರೂ ಬರೆಯುತ್ತಿದ್ದಳು. ಅಷ್ಟು ಸಣ್ಣ ವಿಷಯ ತನಗೆ ಹೊಳೆಯಲೇ ಇಲ್ಲವಲ್ಲ!

ಕ್ಯಾಪ್ಟನ್ ಹೋದ ಮೇಲೆ ಅಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗಾಯ್ತು. ಪಾಪದವನು, ನಿನ್ನ ಕೈಲಿ ಬೈಸ್ಕೊಂಡ್ಮೇಲೂ ದಿನಾ ಆ ಕಂಪನಿಯೋರ ಹತ್ರ ಜಗಳ ಆಡ್ತಿದಾನೆ. ರಿಜೆಕ್ಟ್ ಮಾಡ್ಬೇಡಿ, ಪೇಷಂಟ್‌ಗೆ ಸ್ವಲ್ಪ ಸಮಯ ಕೊಡಿ ಅಂತ. ನಾನೇ ಕಿವಿಯಾರೆ ಕೇಳಿದೀನಿ."

ಗುಬ್ಬಿಗೆ ನಾಚಿಕೆಯಾಯಿತು. ಆಮೇಲೆ ಅಳು ಬಂತು. ಹೊಲಿಗೆ ಎಳೆಯುತ್ತದೆಂದು ಅದನ್ನೂ ಸರಿಯಾಗಿ ಅಳಲಾಗಲಿಲ್ಲ.

"ಅಕ್ಕಾ, ಅವರನ್ನ ಕರಿ."

ಅವನು ಬಂದ, ಆದರೆ ಬಾಗಿಲಲ್ಲೇ ನಿಂತ.

"ಒಳಗೆ ಬನ್ನಿ. ತಪ್ಪಾಯ್ತು. ನೀವು ಹೇಳಿರ್ಲಿಲ್ಲ, ಕ್ಯಾಪ್ಟನ್ ಬರೆದಿದ್ರು."

"ನಂಗೊತ್ತಿತ್ತು. ಪೈಲಟ್ ವಿಮಾನದಿಂದಾನೇ ಆಂಬುಲೆನ್ಸ್‌ಗೆ ಬಂದ್ರೆ ಕಂಪನಿಗೆ ಗೊತ್ತಾಗದೆ ಇರುತ್ತಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಎಲ್ಲಿ ಬಿಟ್ರಿ?"

ಅಕ್ಕ ನಕ್ಕುಬಿಟ್ಟಳು. ಅವನು ಒಳಗೆ ಬಂದು ಕೂತ.

"ನೋವು ತಿಂಗಳುಗಳಿಂದ ಇತ್ತು," ಎಂದಳು ಗುಬ್ಬಿ, ಗೋಡೆ ನೋಡುತ್ತಾ. "ಹೇಳಿದ್ರೆ ಹಳೇ ಕಾಯಿಲೆ ಅಂತ ದುಡ್ಡೂ ಕೊಡಲ್ಲ, ಲೈಸೆನ್ಸೂ ಹೋಗುತ್ತೆ ಅಂತ..."

"ನಿಮ್ಮದು ನಿಮ್ಮ ಕಂಪನಿ ಎಲ್ಲಾ ನೌಕರರಿಗೂ ಮಾಡಿಸಿರೋ ಗ್ರೂಪ್ ಪಾಲಿಸಿ. ಹಳೇ ಕಾಯಿಲೆಗೂ ಮೊದಲ ದಿನದಿಂದ ಕವರ್ ಇದೆ. ಎಮರ್ಜೆನ್ಸಿ ಆಪರೇಷನ್, ಐಸಿಯು ಎಲ್ಲಾ ಸೇರುತ್ತೆ. ಲೈಸೆನ್ಸ್ ಹೋದ್ರೆ ಸಂಬಳದ ಬದಲು ಕೊಡೋ ವಿಮೆ ಬೇರೇದೇ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಹೇಳಿದ್ದು ನೀವು ಒಪ್ಪದೆ ನಿಮ್ಮ ಕಂಪನಿಗಾಗ್ಲಿ ಲೈಸೆನ್ಸ್ ಕೊಡೋರಿಗಾಗ್ಲಿ ಹೋಗಲ್ಲ."

"ಅಂದ್ರೆ... ನಾನು ಸುಳ್ಳು ಹೇಳೋ ಅಗತ್ಯಾನೇ ಇರ್ಲಿಲ್ವಾ?"

"ಇರ್ಲಿಲ್ಲ. ನಿಮಗೆ ದುಡ್ಡಿನ ಭಯಾನೂ ಇತ್ತು ಅಂತ ನಂಗೆ ಈಗ್ಲೇ ಗೊತ್ತಾಗಿದ್ದು. ಕ್ಲೇಮ್ ನಿಲ್ಸಿರೋದು ಕಾಯಿಲೆ ಅಲ್ಲ, ಸುಳ್ಳು."

ಗುಬ್ಬಿ ಹಣೆ ಚಚ್ಚಿಕೊಂಡಳು. ಪಾಲಿಸಿಯ ಪುಸ್ತಕ ಅವಳ ಮನೆಯಲ್ಲಿತ್ತು. ವಿಮಾನದ ಕೈಪಿಡಿಯನ್ನು ಸಾಲು ಬಿಡದೆ ಓದುವವಳು ಅದನ್ನು ಕವರಿನಿಂದ ಹೊರಗೂ ತೆಗೆದಿರಲಿಲ್ಲ. ಅವನು ನಂಬರ್ ಒತ್ತಿ ಫೋನ್ ಅವಳ ಕೈಗೆ ಕೊಟ್ಟ. ವಿಮಾ ಕಂಪನಿಯ ಡಾಕ್ಟರಿಗೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಎದ್ದು ಹೋಗಲಿಲ್ಲ, ಪಕ್ಕದಲ್ಲೇ ಕೂತು ಅಜ್ಜಿ ವಾಪಸು ಕೊಟ್ಟ ಕಿತ್ತಳೆ ಸುಲಿಯುತ್ತಿದ್ದ. ಮರುದಿನ ಕ್ಲೇಮ್ ಪಾಸಾಯಿತು. ಅಕ್ಕನ ಮನೆಯ ಹಣ ಬ್ಯಾಂಕಿನಲ್ಲೇ ಉಳಿಯಿತು.

ಡಿಸ್ಚಾರ್ಜ್ ಆಗುವವರೆಗೆ ಅವನು ದಿನವೂ ಬಂದ. ಕೆಲಸ ಮುಗಿದಿದ್ದರೂ ಏನೋ ಒಂದು ಕಾಗದ ಕೈಯಲ್ಲಿರುತ್ತಿತ್ತು. ಮೋಡದೊಳಗೆ ಹೋದಾಗ ಏನು ಕಾಣುತ್ತದೆ ಎಂದು ಕೇಳುತ್ತಿದ್ದ. ಏನೂ ಕಾಣುವುದಿಲ್ಲ, ಮೀಟರುಗಳ ಮುಳ್ಳುಗಳನ್ನು ನಂಬಿ ಹೋಗಬೇಕು ಎಂದು ಅವಳು ಹೇಳುತ್ತಿದ್ದಳು. ಅವಳು ಮನೆಗೆ ಹೋದ ಮೇಲೆ ಮಾತ್ರ ಅವನು ಒಂದು ಫೋನೂ ಮಾಡಲಿಲ್ಲ. ಗುಬ್ಬಿ ಕಾದಳು, ಸಿಟ್ಟಾದಳು, ಮತ್ತೆ ಕಾದಳು.

ಫಿಟ್‌ನೆಸ್ ಪರೀಕ್ಷೆಯ ದಿನ ಬಂತು. ಕಂಪನಿಯ ಡಾಕ್ಟರಮ್ಮ ರಿಪೋರ್ಟುಗಳನ್ನು ನೋಡಿ ತಲೆಯಾಡಿಸಿದರು.

"ಎಲ್ಲಾ ಚೆನ್ನಾಗಿದೆ. ಇದಕ್ಕೆ ಮುಂಚೆ ಯಾವತ್ತೂ ನೋವು ಬಂದಿರ್ಲಿಲ್ಲ ಅಲ್ವಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಮುಂದಿನ ವಾರವೇ ವಿಮಾನ ಹತ್ತಬಹುದಿತ್ತು. ಇಲ್ಲಿ ನಿಜ ಹೇಳು ಎಂದು ಯಾರೂ ಒತ್ತಾಯಿಸಿರಲಿಲ್ಲ. ಗುಬ್ಬಿಯ ನಾಲಿಗೆ ತುದಿಯಲ್ಲಿ ಹಳೆಯ ಉತ್ತರ ಸಿದ್ಧವಾಗಿಯೇ ಇತ್ತು. ಆದರೆ ಅವತ್ತು ಕ್ಯಾಪ್ಟನ್ ಪಕ್ಕದಲ್ಲಿ ಇಲ್ಲದಿದ್ದರೆ? ಹಿಂದೆ ಕೂತಿದ್ದ ಅಷ್ಟೂ ಜನ?

"ಬಂದಿತ್ತು ಮೇಡಂ. ತಿಂಗಳುಗಟ್ಟಲೆ. ಮಾತ್ರೆ ನುಂಗಿ ಹಾರ್ತಿದ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಇದನ್ನ ನಾನು ಮೇಲಕ್ಕೆ ಕಳಿಸಲೇಬೇಕು. ವಿಚಾರಣೆ ಆಗುತ್ತೆ. ಇನ್ನೂ ಕೆಲವು ತಿಂಗಳು ನೆಲದ ಮೇಲೆ."

"ಮತ್ತೆ ಹಾರ್ತೀನಾ?"

"ತಡ ಆಗುತ್ತೆ. ಆದ್ರೆ ಹಾರ್ತೀಯ ಅಂತಾನೇ ನಾನು ಬರೀತೀನಿ."

ಗುಬ್ಬಿ ಹೊರಗೆ ಬಂದಳು. ಮೊದಲು ಯಾರಿಗೆ ಹೇಳಬೇಕು ಎಂದು ಯೋಚಿಸಲೇ ಇಲ್ಲ. ಆಟೋ ಹಿಡಿದು ನೇರ ಆಸ್ಪತ್ರೆಗೆ ಬಂದಳು. ಇನ್ಶೂರೆನ್ಸ್ ಡೆಸ್ಕಿನ ಮುಂದೆ ಉದ್ದ ಸಾಲಿತ್ತು. ಎಲ್ಲರ ಹಾಗೆ ಬೆಂಚಿನ ಮೇಲೆ ಕೂತು ತನ್ನ ಸರದಿಗೆ ಕಾದಳು.

"ಹೇಳಿ, ಯಾರ ಫೈಲು?" ಅವನು ತಲೆಯೆತ್ತದೆ ಕೇಳಿದ.

"ಫೈಲಿಲ್ಲ. ಫೋನ್ ಯಾಕೆ ಮಾಡ್ಲಿಲ್ಲ ಅಂತ ಕೇಳೋಕೆ ಬಂದೆ."

ಅವನ ಪೆನ್ನು ಅಲ್ಲಿಗೇ ನಿಂತಿತು.

"ಆ ನಂಬರು ನೀವು ಕೆಲಸಕ್ಕೆ ಅಂತ ಕೊಟ್ಟಿದ್ದು. ಬೇರೆದಕ್ಕೆ ಬಳಸೋದು ಸರಿ ಅಲ್ಲ."

"ನಾನು ಎಲ್ಲಾ ಹೇಳ್ಬಿಟ್ಟೆ. ನಮ್ಮ ಡಾಕ್ಟರಮ್ಮಂಗೆ. ಇನ್ನೂ ಕೆಲವು ತಿಂಗಳು ಹಾರೋ ಹಾಗಿಲ್ಲ."

ಅವನು ಪಕ್ಕದ ಹುಡುಗಿಗೆ ಡೆಸ್ಕ್ ನೋಡಿಕೊಳ್ಳಲು ಹೇಳಿ ಹೊರಗೆ ಬಂದ. ಇಬ್ಬರೂ ಮೆಟ್ಟಿಲ ಪಕ್ಕದ ಕಿಟಕಿಯ ಹತ್ತಿರ ನಿಂತರು.

"ನಾನೂ ಒಂದು ನಿಜ ಹೇಳ್ತೀನಿ. ಬೈಬೇಡಿ," ಎಂದ ಅವನು. "ಹಾರೋ ಹಾಗಿಲ್ಲ ಅಂದ್ರಲ್ಲ, ಕೇಳಿ ನಂಗೆ ಒಳಗೊಳಗೇ ಸಮಾಧಾನ ಆಯ್ತು. ಅದು ತಪ್ಪು ಅಂತ ಗೊತ್ತು."

ಗುಬ್ಬಿ ಅವನನ್ನೇ ನೋಡಿದಳು. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಅಲ್ಲೇ ತಿರುಗಿ ಹೋಗುತ್ತಿದ್ದಳು.

"ಯಾಕೆ?"

"ನಿಮ್ಮನ್ನ ಆ ಸ್ಥಿತಿಯಲ್ಲಿ ನೋಡಿದೀನಿ. ನಂಗೆ ನಿಮ್ಮ ಮೇಲೆ ಪ್ರೀತಿ ಇದೆ. ಅದರ ಜೊತೆ ಭಯಾನೂ ಇದೆ. ಮುಚ್ಚಿಡೋಕೆ ನಂಗೆ ಬರಲ್ಲ."

"ನಾನು ಹಾರೋದು ಬಿಡಲ್ಲ."

"ಬಿಡಿ ಅಂತ ಯಾವತ್ತೂ ಹೇಳಲ್ಲ. ಭಯ ಆದಾಗ ಭಯ ಆಗ್ತಿದೆ ಅಂತ ಹೇಳ್ತೀನಿ, ಅಷ್ಟೇ."

"ಹೇಳಿ. ನಂಗೂ ನಿಮ್ಮನ್ನ ಕಂಡ್ರೆ ಪ್ರೀತಿ. ಇನ್ಮೇಲೆ ಎಲ್ಲೇ ನೋವಾದ್ರೂ ಮೊದಲು ನಿಮಗೇ ಹೇಳ್ತೀನಿ."

"ಮೊದಲು ಡಾಕ್ಟರಿಗೆ ಹೇಳಿ. ಆಮೇಲೆ ನಂಗೆ."

ಗುಬ್ಬಿ ಜೋರಾಗಿ ನಕ್ಕಳು. ನಗುವಾಗ ಪಕ್ಕೆಯ ಹತ್ತಿರ ಚುಳ್ ಎಂದಿತು. ತುಟಿ ಕಚ್ಚಿಕೊಳ್ಳಲು ಹೋದವಳು, ಬೇಡವೆಂದು ಬಿಟ್ಟಳು.

"ನೋಯ್ತಿದೆ," ಎಂದಳು.

"ಎಲ್ಲಿ?"

"ಹೊಲಿಗೆ ಹಾಕಿದ್ದ ಕಡೆ. ನಗಿಸ್ಬೇಡಿ."

"ಸರಿ, ನಗಿಸಲ್ಲ. ಕೈ ಕೊಡಿ."

ಅವಳು ಕೊಟ್ಟಳು.