ಮೂರನೇ ಡ್ರಮ್ಮಿನ ಹುಳಿ

ಮೂರನೇ ಡ್ರಮ್ಮಿನ ನೀರಿಗೆ ಅದ್ದಿದ ನೀಲಿ ಲಿಟ್ಮಸ್ ಕಾಗದ ನೀಲಿಯಾಗಿಯೇ ಉಳಿಯಿತು. ಫರ್ಹೀನ ಇನ್ನೊಂದು ಕಾಗದ ಅದ್ದಿದಳು. ಅದೂ ಹಾಗೆಯೇ.

"ಮಾಯಾ, ಈ ನೀರಿಗೆ ಯಾರೋ ಕೈ ಹಾಕ್ಯಾರ," ಎಂದಳು.

ಬೀದರ ಬಳಿಯ ಕಮಠಾಣದ ಹೊರಗಿನ ಆ ಬಯಲಿನಲ್ಲಿ ನಾವಿಬ್ಬರೂ ಮೂರು ತಿಂಗಳಿಂದ ಬೆವರು ಸುರಿಸಿದ್ದೆವು. ತೆಲಂಗಾಣದ ಒಂದು ಕಲ್ಲಿದ್ದಲು ಗಣಿಯವರಿಗೆ, ಅಗೆದು ತೆಗೆದ ಕಪ್ಪು ಕಲ್ಲುಮಣ್ಣನ್ನು ಮತ್ತೆ ಗುಂಡಿಗೆ ತುಂಬುವ ತನಕ, ಎರಡು ವರ್ಷ ಇಡಲು ಜಾಗ ಬೇಕಿತ್ತು. ಅದರ ನಕ್ಷೆ ಫರ್ಹೀನಳದು. ಪರೀಕ್ಷೆಗೆಂದು ಗಣಿಯ ತ್ಯಾಜ್ಯವನ್ನು ಲಾರಿಯಲ್ಲಿ ತರಿಸಿ ಮೂರು ಗುಡ್ಡೆ ಮಾಡಿದ್ದೆವು. ಕೆಳಗೆ ಬಡಿದು ಗಟ್ಟಿ ಮಾಡಿದ ಜೇಡಿಮಣ್ಣು, ಸುತ್ತ ಮಣ್ಣಿನ ಕಾಲುವೆ, ಕಾಲುವೆಯ ತುದಿಗೊಂದು ಡ್ರಮ್. ಮಳೆನೀರು ಆ ಕಲ್ಲಿನ ಸಂದಿಯಲ್ಲಿ ಇಳಿದರೆ ಹುಳಿಯಾಗುತ್ತದೆ; ಹುಳಿ ನೀರು ಹೊಲಕ್ಕೆ ಹರಿದರೆ ಬೆಳೆ ಕೆಡುತ್ತದೆ. ಎಷ್ಟು ಹುಳಿ ಎಂದು ಅಳೆಯದೆ ನಕ್ಷೆ ಹೇಗೆ?

ಮೊದಲ ಎರಡು ಡ್ರಮ್ಮುಗಳಲ್ಲಿ ಕಾಗದ ಕೆಂಪಾಯಿತು. ಮೂರನೆಯದರಲ್ಲಿ ಮಾತ್ರ ಹುಳಿ ಮಾಯ. ಮರುದಿನ ಗಣಿಯವರು ನೋಡಲು ಬರುವವರಿದ್ದರು. ಪರೀಕ್ಷೆಯಲ್ಲೇ ಮೋಸವೆಂದರೆ ನಕ್ಷೆಯನ್ನು ಯಾರು ನಂಬುತ್ತಾರೆ?

ನನಗೆ ನೆನಪಾದದ್ದು ಭಾಲ್ಕಿಯ ನನ್ನ ಸೋದರತ್ತೆ ಕಾಂತಾಬಾಯಿ. ನೀರು ತಪಾಸಣೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದವಳು. ಫೋನ್ ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು.

"ಯಾರ ಮ್ಯಾಲ ಸಂಶಯ?"

"ಮೂರು ಮಂದಿ ಮ್ಯಾಲ ಅತ್ತಿ."

ಮೊದಲಿಗೆ ಪಕ್ಕದ ಹೊಲದ ಮಚ್ಛೇಂದ್ರ ಬಂದ.

"ಈ ಕರೇ ಕಲ್ಲು ನನ್ನ ತೊಗರಿ ಬಾಜೂಕ ಬ್ಯಾಡ ಅಂತ ಜಗಳಾಡೀನಿ, ಖರೆ. ಆದ್ರ ಡ್ರಮ್ ಮುಟ್ಟಿಲ್ರಿ."

"ನೀರು ಚೆಲ್ಲಿ ನಿಮ್ಮ ಬಾವಿ ನೀರು ತುಂಬಿಲ್ಲೇನ್ರಿ?" ಫರ್ಹೀನ ಕೇಳಿದಳು.

ಅತ್ತೆ ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಮೀಟರನ್ನು ಡ್ರಮ್ಮುಗಳಿಗೆ ಅದ್ದಿದಳು, ಬಾವಿಯ ನೀರಿಗೂ ಅದ್ದಿದಳು.

"ಹುಳಿ ಹೋಗ್ಯಾದ, ಉಪ್ಪು ಉಳದದ. ಬಾವಿ ನೀರಿನಾಗ ಇಷ್ಟು ಉಪ್ಪಿಲ್ಲ. ಗುಡ್ಡಿಯಿಂದ ಇಳದ ನೀರೇ ಇದು. ಇವರನ್ನ ಬಿಡ್ರಿ."

ಎರಡನೆಯವನು ನಮ್ಮ ಆಫೀಸಿನ ಖಾಲಿದ. ಅವನ ಕಾಂಕ್ರೀಟಿನ ನಕ್ಷೆಯನ್ನು ತಳ್ಳಿಹಾಕಿ ಫರ್ಹೀನಳದನ್ನು ಆರಿಸಿದ್ದರು.

"ಸಿಟ್ಟು ಬಂದಿತ್ರಿ ಕಾಂತಾಬಾಯಿ. ಹಂಗಂತ ಹುಳಿ ಕೊಲ್ಲೂ ಸುಣ್ಣ ಸುರುವಿ ಹಾಳ ಮಾಡ್ತೇನೇನ್ರಿ?"

ಅತ್ತೆ ಕೋಲಿನಿಂದ ಡ್ರಮ್ಮಿನ ತಳ ಕೆದಕಿದಳು. "ಇದರಾಗ ಸುರುವಿದ್ರ ತಳಕ್ಕ ಬಿಳಿ ಕೂಡ್ತಿತ್ತು. ಇಲ್ಲ. ನೀರು ಇಲ್ಲಿಗೆ ಬರೂದ್ರಾಗನ ಹುಳಿ ಬಿಟ್ಟದ."

ಉಳಿದವರು ಕಾವಲುಗಾರ ಬದ್ರೋದ್ದೀನ. ಗೇಟಿನ ಕೀಲಿ ಅವರ ಬಳಿಯೇ ಇತ್ತು.

"ಎಲ್ಲಾ ದಿನ ಇಲ್ಲೇ ಇದ್ರೇನು ಭಾಯಿ?" ಅತ್ತೆ ಕೇಳಿದಳು.

"ಮಂಗಳವಾರ ಒಂದ್ ದಿನ ಇಲ್ರಿ. ನಮ್ಮ ಮನಿ ಹಳೇ ಗೋಡಿ ಕೆಡವ್ಲಿಕ್ಕೆ ಹೋಗಿದ್ದೆ."

"ಅವತ್ತು ಮಳಿ ಜೋರಿತ್ತಲ್ಲ?"

"ಇತ್ರಿ." ಅವರು ನೆಲ ನೋಡಿದರು.

ಅತ್ತೆ ಮೂರೂ ಕಾಲುವೆಗಳ ಗುಂಟ ನಡೆದಳು. ಮೂರನೆಯದರ ನಡುವೆ ಬಗ್ಗಿ ಒಂದು ಕೆಂಪು ಕಲ್ಲು ಎತ್ತಿ, ಇನ್ನೊಂದರ ಮೇಲೆ ಕುಕ್ಕಿದಳು. ಕಲ್ಲು ಎರಡಾಯಿತು. ಒಳಗೆಲ್ಲ ಬಿಳಿ.

ಬುತ್ತಿಯಲ್ಲಿದ್ದ ನಿಂಬೆಹೋಳನ್ನು ಅದರ ಮೇಲೆ ಹಿಂಡಿದಳು. ಬಿಳಿ ಭಾಗ ಬುಸುಬುಸು ನೊರೆಯೆದ್ದಿತು.

"ನೀವು ದಿನಾ ಡ್ರಮ್ ನೋಡಿದ್ರಿ, ಕಾಲುವಿ ನೋಡಲಿಲ್ಲ. ನೋಡಿದ್ರೂ ಕೆಂಪು ಕಲ್ಲು ಅಂತ ದಾಟಿ ಹೋದ್ರಿ. ನಮ್ಮ ಬೀದರದಾಗ ಎಲ್ಲಾ ಕಡಿ ಇರೂ ಕೆಂಪು ಕಲ್ಲನ್ನ ಯಾರು ನಿಂತು ನೋಡ್ತಾರ? ಆದ್ರ ಇದು ಕಲ್ಲಲ್ಲ, ಹಳೇ ಗೋಡಿ ಸುಣ್ಣದ ಗಚ್ಚು. ಹುಳಿ ನೀರಿನಾಗಿನ ಕಬ್ಬಿಣದ ತುಕ್ಕು ಮ್ಯಾಲ ಕೂತು ಕೆಂಪಾಗ್ಯಾದ. ಹುಳಿ ಎಲ್ಲಾ ಇದೇ ತಿಂದದ." ಆಮೇಲೆ ಮೆಲ್ಲಗೆ ಕೇಳಿದಳು, "ಈ ವಾರ ಹಳೇ ಗೋಡಿ ಕೆಡವಿದವ್ರು ಯಾರು, ಬದ್ರೋದ್ದೀನ ಭಾಯಿ?"

ಅವರ ಕಣ್ಣು ತುಂಬಿದವು. "ನಾನ್ರಿ. ಬುಧವಾರ ಮುಂಜಾನಿ ಬಂದ್ರ ಕಾಲುವಿ ಒಡದು ನೀರು ಮಚ್ಛೇಂದ್ರನ ತೊಗರಿ ಕಡಿ ಹೊಂಟಿತ್ತು. ನಮ್ಮ ಗೋಡಿ ಗಚ್ಚು ಎರಡು ಗಾಡಿ ತಂದು ಕಾಲುವಿಗಿ ಹಾಕಿದೆ. ಅವತ್ತು ನಾ ಇರ್ಲಿಲ್ಲ ಅಂತ ಬೈತೀರಿ ಅಂತ ಹೇಳಲಿಲ್ಲ. ನೌಕರಿ ಹೋಗ್ತದೇನ್ರಿ ಮೇಡಮ್?"

ಫರ್ಹೀನ ಆಗಲೇ ನೆಲದ ಮೇಲೆಯೇ ನಕ್ಷೆ ಬಿಡಿಸಿ ಕೂತಿದ್ದಳು. ನೀರನ್ನು ಕೊನೆಗೆ ದೊಡ್ಡ ತೊಟ್ಟಿಯಲ್ಲಿ ಹಿಡಿದು ಸುಣ್ಣ ಹಾಕುವುದು ಅವಳ ಮೊದಲ ಯೋಚನೆ. ದಾರಿಯಲ್ಲೇ, ಕಾಲುವೆಯಲ್ಲೇ ಹುಳಿ ತೆಗೆಯಬಹುದೆಂದು ನಮಗೆ ಹೊಳೆದಿರಲಿಲ್ಲ. ಖಾಲಿದ ಪಕ್ಕದಲ್ಲಿ ಮೊಣಕಾಲೂರಿ, "ಹಂಗಾದ್ರ ತೊಟ್ಟಿ ಸಣ್ಣದು ಮಾಡಬಹುದಲ್ಲ," ಎಂದು ಪೆನ್ಸಿಲ್ ಕೊಟ್ಟ. ಮಚ್ಛೇಂದ್ರ ಬದ್ರೋದ್ದೀನರ ಹೆಗಲ ಮೇಲೆ ಕೈಯಿಟ್ಟ. ಅವನ ತೊಗರಿಯ ಒಂದು ಗಿಡವೂ ಕೆಟ್ಟಿರಲಿಲ್ಲ.

ಫರ್ಹೀನ ತಲೆಯೆತ್ತಿ ನಕ್ಕಳು. "ನಾಳಿ ಗಣಿಯವ್ರಿಗಿ ಇದನ್ನ ನೀವೇ ಹೇಳ್ಬೇಕು ಚಾಚಾ. ಮೊದಲು ಇದು ಹೇಳ್ರಿ. ಇನ್ನೆಷ್ಟು ಗೋಡಿ ಉಳದಾವ?"

"ಬೇಕಾದಷ್ಟು ಒಯ್ರಿ," ಎಂದರು ಬದ್ರೋದ್ದೀನ ಕಣ್ಣೊರೆಸಿಕೊಳ್ಳುತ್ತ. "ಅಡಗಿ ಮನಿದು ಮಾತ್ರ ಮುಟ್ಟಬ್ಯಾಡ್ರಿ. ಅಲ್ಲಿ ನಮ್ಮ ಮನಿಯಾಕಿ ವಜೀರಬೀ ಕಾವಲ ಕೂತಾಳ."