ಇಪ್ಪತ್ನಾಲ್ಕು ಗುಲಾಬಿ ಕುಂಡಗಳು

"ಕೂಲಿಗೆ ಬಂದಿದ್ದೀನಿ ಮೇಸ್ತ್ರಿ. ಕೆಲಸ ಇದ್ರೆ ಹೇಳಿ."

ಗುಲಾಬಿ ಗಿಡದ ಒಣಕಡ್ಡಿ ಕತ್ತರಿಸುತ್ತಿದ್ದ ಕೋದಂಡನ ಕೈ ನಿಂತುಬಿಟ್ಟಿತು. ಆ ಧ್ವನಿ ಕೇಳಿ ನಾಲ್ಕು ವರ್ಷವಾಗಿತ್ತು. ತಿರುಗಿ ನೋಡಲು ಅವನಿಗೆ ಸ್ವಲ್ಪ ಹೊತ್ತೇ ಬೇಕಾಯಿತು.

"ಮುತ್ಯಾಲೂ...!"

"ಮುತ್ಯಾಲಮ್ಮ," ಎಂದು ಅವಳು ತಿದ್ದಿದಳು. "ಕೂಲಿಯವಳಿಗೆ ಮುದ್ದಿನ ಹೆಸರು ಯಾಕೆ?"

ಕತ್ತಿಯ ಅಲಗು ಅವನ ಹೆಬ್ಬೆರಳಿಗೆ ತಗುಲಿ ರಕ್ತ ಜಿನುಗುತ್ತಿತ್ತು. ಅವನಿಗೆ ಅದು ತಿಳಿದೇ ಇರಲಿಲ್ಲ. ಅವಳ ಕಣ್ಣಿಗೆ ಮಾತ್ರ ಮೊದಲು ಬಿದ್ದದ್ದೇ ಅದು.

ಸುರಿಯಲಿ... ಇದು ಬರೀ ಮೊದಲ ಹನಿ!

"ನಾಳೆಯಿಂದ ಬಾ," ಎಂದ ಕೋದಂಡ, ಬೇರೇನನ್ನೂ ಕೇಳದೆ.

ಅಷ್ಟು ಸುಲಭವಾಗಿ ಒಪ್ಪಿದ್ದು ಅವಳಿಗೆ ಸೇರಲಿಲ್ಲ. ಗೌನಿಪಲ್ಲಿಯಿಂದ ಮುಳಬಾಗಿಲಿನವರೆಗೆ, ಯುದ್ಧಕಾಲದ, ಇದ್ದಿಲ ಉರಿಯಿಂದ ಓಡುವ ಬಸ್ಸಿನ ಹೊಗೆ ಕುಡಿಯುತ್ತಾ, ಅವನು ಬೇಡವೆಂದರೆ ಹೇಗೆ ಅಂಗಲಾಚಬೇಕೆಂದು ಅವಳು ಮನಸ್ಸಿನಲ್ಲೇ ಪಾಠ ಮಾಡಿಕೊಂಡು ಬಂದಿದ್ದಳು.

ನಾಲ್ಕು ವರ್ಷದ ಹಿಂದೆ ಸಾಹುಕಾರ ಶ್ರೀನಿವಾಸಪ್ಪನವರ ಈ ಬಂಗಲೆಯ ತೋಟಕ್ಕೆ ಮೇಸ್ತ್ರಿಯಾಗಿದ್ದವನು ಅವಳ ಅಪ್ಪ ದೊಡ್ಡಮುನಿಯಪ್ಪ. ಕೋದಂಡ ಅಪ್ಪನ ತಂಗಿಯ ಮಗ. ತಾಯಿ ತೀರಿಕೊಂಡ ಮೇಲೆ ಅಪ್ಪನ ಹತ್ತಿರವೇ ಬೆಳೆದು, ಅಪ್ಪನ ಕೈಯಲ್ಲೇ ಕೆಲಸ ಕಲಿತವನು. ಮುತ್ಯಾಲು ಅವನನ್ನು "ಬಾವ" ಎನ್ನುತ್ತಿದ್ದಳು. ಆ ಕರೆಯಲ್ಲಿ ಮುಂದಿನ ಬದುಕೆಲ್ಲ ಅಡಗಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಕೋಲಾರದ ಹೂವಿನ ಪ್ರದರ್ಶನಕ್ಕೆಂದು ಅಪ್ಪ ಆ ವರ್ಷ ಇಪ್ಪತ್ನಾಲ್ಕು ಕುಂಡ ಗುಲಾಬಿ ಬೆಳೆಸಿದ್ದ. ಹೂ ಚೆನ್ನಾಗಿ ಬರಲೆಂದು ಮುತ್ಯಾಲು ಕೂಡ ಕೈಜೋಡಿಸಿದ್ದಳು. ಅಜ್ಜಿ ತನ್ನ ತೆಂಗಿನ ಮರಕ್ಕೆ ಮಾಡುತ್ತಿದ್ದ ಆರೈಕೆಯನ್ನೇ, ಅಪ್ಪನಿಗೆ ತಿಳಿಯದ ಹಾಗೆ, ಕುಂಡಗಳಿಗೂ ಮಾಡಿದ್ದಳು.

"ಏನ್ ಮಾಡ್ದೆ ಅಮ್ಮಣ್ಣೀ?" ಎಂದು ಅಪ್ಪ ಒಮ್ಮೆ ಕೇಳಿದ್ದ.

"ಹೂ ಬಿಟ್ಮೇಲೆ ಹೇಳ್ತೀನಿ, ಹೋಗಪ್ಪಾ!"

ಹೂ ಬಿಡಲೇ ಇಲ್ಲ. ಎಲೆಗಳ ಅಂಚು ಸುಟ್ಟ ಹಾಗೆ ಕಂದಿತು. ಪ್ರದರ್ಶನಕ್ಕೆ ಎರಡು ದಿನ ಇರುವಾಗ ಇಪ್ಪತ್ನಾಲ್ಕೂ ಗಿಡ ಬರೀ ಮುಳ್ಳುಕಡ್ಡಿಗಳಾಗಿದ್ದವು.

ಅದಕ್ಕೆ ಒಂದು ವಾರ ಮುಂಚೆ, ಸಂಜೆ, ಅವಳು ಕಣ್ಣಾರೆ ಕಂಡಿದ್ದಳು. ಕೋದಂಡ ಒಬ್ಬನೇ ಕುಂಡದಿಂದ ಕುಂಡಕ್ಕೆ ಬಗ್ಗಿ, ಕೊಡದಿಂದ ಏನನ್ನೋ ಸುರಿಯುತ್ತಿದ್ದ. ಅವಳನ್ನು ನೋಡಿದವನೇ ಬೆಚ್ಚಿ, ಕೊಡವನ್ನು ಬೆನ್ನ ಹಿಂದೆ ಸರಿಸಿದ್ದ!

ಸಾಹುಕಾರರು ಆಳುಕಾಳುಗಳೆಲ್ಲರ ಎದುರು ಅಪ್ಪನ ಸೊಂಟದಿಂದ ಕತ್ತಿ ಕಿತ್ತುಕೊಂಡರು. "ನಂದೇ ತಪ್ಪು ಸ್ವಾಮಿ," ಎಂದನೇ ಹೊರತು ಅಪ್ಪ ಇನ್ನೊಂದು ಮಾತಾಡಲಿಲ್ಲ. ಅದೇ ಕತ್ತಿ ಮರುದಿನ ಕೋದಂಡನ ಸೊಂಟದಲ್ಲಿತ್ತು. ಅಪ್ಪ ಗೌನಿಪಲ್ಲಿಯಲ್ಲಿ ಒಂದು ವರ್ಷ ಗೋಡೆ ನೋಡುತ್ತಾ ಕೂತು, ಒಂದು ದಿನ ಹಾಗೆಯೇ ಕಣ್ಣುಮುಚ್ಚಿದ.

ಅದೇ ಅಂಗಳ. ಅದೇ ಜನ. ಅದೇ ಇಪ್ಪತ್ನಾಲ್ಕು ಕುಂಡ. ಕೋದಂಡನೂ ಹಾಗೆಯೇ ತಲೆ ತಗ್ಗಿಸಿ ಈ ಗೇಟು ದಾಟಬೇಕು!

ಅಷ್ಟಕ್ಕೇ ಅವಳು ಬಂದದ್ದು.

ತೋಟದಲ್ಲಿ ಕಳೆ ಕೀಳುವ ಚಿಕ್ಕಗಂಗಮ್ಮನ ಮನೆಯಲ್ಲಿ ಅವಳಿಗೆ ಇರಲು ಜಾಗ ಸಿಕ್ಕಿತು. ಹಳೆಯ ಸೀರೆಯಲ್ಲಿ ಸುತ್ತಿ ತಂದ ಗಂಟನ್ನು ಬಿಚ್ಚಿದಾಗ ಚಿಕ್ಕಗಂಗಮ್ಮ ಬಾಯಿ ಬಿಟ್ಟಳು.

"ಅಯ್ಯೋ ದೇವುಡಾ! ಎಲ್ರೂ ಊರಿಂದ ರಾಗಿ ತರ್ತಾರೆ. ನೀನೇನೇ, ಒಣಗಿದ ಕುಂಡ ತಂದಿದ್ದೀಯ?"

"ಅಪ್ಪನ ಕುಂಡ. ಇರ್ಲಿ ಬಿಡತ್ತೆ."

ಆ ಇಪ್ಪತ್ನಾಲ್ಕರಲ್ಲಿ ಒಂದನ್ನು ಅಪ್ಪ ಊರಿಗೆ ಹೊತ್ತು ತಂದಿದ್ದ. ಸತ್ತ ಗಿಡ, ಗಟ್ಟಿಯಾದ ಮಣ್ಣು. ಹೊರಮೈಯಲ್ಲಿ ಬೂದಿ ಬಳಿದ ಹಾಗೆ ಬೆಳ್ಳನೆಯ ಪುಡಿ. ಅದು ಕೋದಂಡ ಸುರಿದ ವಿಷ ಉಕ್ಕಿ ಬಂದದ್ದೆಂದೇ ಅವಳು ನಂಬಿದ್ದಳು. ಸಿಟ್ಟು ತಣ್ಣಗಾದಂತೆ ಅನ್ನಿಸಿದಾಗಲೆಲ್ಲ ಅದನ್ನೊಮ್ಮೆ ನೋಡುತ್ತಿದ್ದಳು.

ಕೋದಂಡ ಅವಳಿಗೆ ಕುಂಡಗಳ ಕೆಲಸವನ್ನೇ ಕೊಟ್ಟ. ಅವಳು ಬಯಸಿದ್ದೂ ಅದನ್ನೇ.

"ತಳದ ತೂತಿನ ಮೇಲೆ ಹೆಂಚಿನ ಚೂರು ಬೋರಲು ಹಾಕ್ಬೇಕು. ನೀರು ಇಳೀಬೇಕು, ಮಣ್ಣು ಇಳೀಬಾರ್ದು," ಎಂದು ಅವನು ತೋರಿಸುತ್ತಿದ್ದ. "ಆಮೇಲೆ ಕೆಮ್ಮಣ್ಣು, ಮರಳು, ಹಳೇ ಗೊಬ್ಬರ. ಹೊಸ ಗೊಬ್ಬರ ಬೇಡ, ಬೇರು ಬೇಯುತ್ತೆ."

"ನೀರು?"

ಅವನು ಬೆರಳ ಗೆಣ್ಣಿನಿಂದ ಒಂದು ಕುಂಡವನ್ನು ತಟ್ಟಿದ. ಕಂಚಿನ ಬಟ್ಟಲಿನ ಹಾಗೆ ಟಣ್ ಎಂದಿತು.

"ಹಿಂಗೆ ಕೂಗಿದ್ರೆ ಬಾಯಾರಿದೆ ಅಂತ. ದಬ್ ಅಂದ್ರೆ ಇನ್ನೂ ಹಸಿ ಇದೆ, ಮುಟ್ಬೇಡ. ಕುಂಡ ಕೇಳ್ದೇ ನೀರು ಕೊಡ್ಬಾರ್ದು. ಇದು ಮಾವ..."

ಅವನ ಕೈ ಕುಂಡದಿಂದ ಹಿಂದೆ ಸರಿಯಿತು.

"ಹೇಳಿ, ಯಾಕೆ ನಿಲ್ಲಿಸಿದ್ರಿ?" ಅವಳು ಅವನ ಕಣ್ಣನ್ನೇ ದಿಟ್ಟಿಸಿದಳು. "ನಮ್ಮಪ್ಪನ ಹೆಸರು ಗಂಟಲಲ್ಲಿ ಸಿಕ್ಕೊಂಡಿತಾ ಮೇಸ್ತ್ರಿ?"

ಕೋದಂಡ ಕೊಡ ಎತ್ತಿಕೊಂಡು ನಡೆದ. ಅದು ಅವಳ ಸಿಟ್ಟನ್ನು ಇನ್ನಷ್ಟು ಕೆದಕಿತು. ಒಂದು ಸಲ ತಿರುಗಿ ಬೈಯಬಾರದೇ! ಬೈದರೆ ದ್ವೇಷಿಸುವುದು ಎಷ್ಟು ಸುಲಭ!

ಆದರೆ ಅವನು ಗಿಡ ಕತ್ತರಿಸುವಾಗ, ಚಿಗುರೊಡೆಯುವ ಹೊರಮುಖದ ಕಣ್ಣನ್ನು ಹುಡುಕಿ ಅದರ ಮೇಲೆ ಓರೆಯಾಗಿ ಅಲಗು ಇಡುವಾಗ, ಆ ಬೆರಳುಗಳಲ್ಲಿ ಅಪ್ಪನ ಬೆರಳುಗಳೇ ಕಾಣುತ್ತಿದ್ದವು. ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಪ್ರದರ್ಶನಕ್ಕೆ ಹದಿನೈದು ದಿನ ಇರುವಾಗ ಕೋದಂಡ ಮಾಲೂರಿನ ಕುಂಬಾರರ ಗೂಡುಗಳಿಂದ ಹೊಸ ಕುಂಡ ತರಲು, ಹಾಗೆಯೇ ಕೋಲಾರದಲ್ಲಿ ಜಾಗ ನೋಡಿ ಬರಲು ಹೊರಟ.

"ಐದು ದಿನ ಆಗ್ಬೋದು. ಕುಂಡಗಳ ಜವಾಬ್ದಾರಿ ನಿಂದು ಮುತ್ಯಾಲು."

"ನನ್ನ ಮೇಲೆ ನಂಬಿಕೆನಾ?"

"ಮಾವನ ಮಗಳಲ್ವಾ?"

ಆ ಮಾತು ಎದೆಗೆ ಮುಳ್ಳಿನಂತೆ ಚುಚ್ಚಿತು. ಅಪ್ಪನ ಹೆಸರು ಹೇಳಿ ನನ್ನನ್ನು ಮೆತ್ತಗೆ ಮಾಡ್ತೀಯಾ?

ಅಂದು ಮಧ್ಯಾಹ್ನ ಆಳುಗಳೆಲ್ಲ ಹುಣಸೆಮರದಡಿ ಮುದ್ದೆ ಉಣ್ಣುತ್ತಿದ್ದಾಗ ಅವಳು ಕೆರೆಯ ಜೇಡಿಮಣ್ಣು ನಾದಿ ತಂದಳು. ಕುಂಡಗಳನ್ನು ಒಂದೊಂದಾಗಿ ವಾಲಿಸಿ, ತಳದ ತೂತಿಗೆ ಮಣ್ಣು ತುಂಬಿ, ಹೆಬ್ಬೆರಳಿನಿಂದ ಒತ್ತಿದಳು. ಒಂದು. ಎರಡು. ಹತ್ತು. ಇಪ್ಪತ್ನಾಲ್ಕು!

ಆಮೇಲೆ ಐದು ದಿನವೂ ಎರಡು ಹೊತ್ತು ತುಂಬಿ ತುಳುಕುವಷ್ಟು ನೀರು ಹೊಯ್ದಳು. ಮೂರನೆಯ ದಿನ ಕೆಳಗಿನ ಎಲೆ ಹಳದಿಯಾಯಿತು. ಐದನೆಯ ದಿನ ಮೊಗ್ಗುಗಳು ಕತ್ತು ಬಗ್ಗಿಸಿದವು.

ನೋಡು ಅಪ್ಪಾ... ಎಂದುಕೊಂಡಳು. ಸಂತೋಷ ಬರಬೇಕಾಗಿತ್ತು. ಎಲ್ಲಿ ಸಿಕ್ಕಿಹಾಕಿಕೊಂಡಿತ್ತೋ, ಬರಲಿಲ್ಲ.

ಕೋದಂಡ ಬಂದವನೇ ಗಂಟನ್ನೂ ಇಳಿಸದೆ ಕುಂಡಗಳ ಹತ್ತಿರ ನಡೆದ. ತಟ್ಟಿದ. ದಬ್. ಪಕ್ಕದ್ದು, ದಬ್. ಅದರ ಪಕ್ಕದ್ದೂ ದಬ್.

ಒಂದು ಕುಂಡವನ್ನು ವಾಲಿಸಿ ತಳ ನೋಡಿದ. ಹಸಿ ಜೇಡಿಯ ಮೇಲೆ ಪುಟ್ಟದೊಂದು ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತೆ ಕೂತಿತ್ತು.

ಅವನು ತಲೆಯೆತ್ತಿ ಅವಳನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಹೂಂ, ನಾನೇ. ಕೂಗು! ಎಲ್ಲರನ್ನೂ ಕರೆ!

ಅವನು ಕೂಗಲಿಲ್ಲ. ಕಡ್ಡಿಯಿಂದ ಆ ಮಣ್ಣನ್ನು ಚುಚ್ಚಿ ತೆಗೆದು, ಬೆರಳ ಗುರುತನ್ನು ಅಂಗೈಯಲ್ಲೇ ಹಿಸುಕಿಬಿಟ್ಟ.

ಅಷ್ಟರಲ್ಲಿ ಸಾಹುಕಾರರ ಮೆಟ್ಟಿನ ಸದ್ದು.

"ಏನಿದು ಕೋದಂಡ! ಯಾವನ್ಲಾ ಮಾಡಿದ್ದು ಇದನ್ನ?"

"ನಾನೇ ಸ್ವಾಮಿ. ನೀರಿನ ಲೆಕ್ಕ ತಪ್ಪಿ ಹೇಳಿಕೊಟ್ಟು ಹೋಗಿದ್ದೆ."

"ಹಿಂದೆ ಇದ್ದ ಮೇಸ್ತ್ರಿ ಅವತ್ತು ನಾನೇ ಅಂದ, ನೀನು ಇವತ್ತು ನಾನೇ ಅಂತೀಯ! ಕತ್ತಿ ಇಟ್ಟು ನಡಿ! ನಾಳೆ ಬೆಳಗ್ಗೆ ನಿನ್ನ ಮುಖ ಇಲ್ಲಿ ಕಾಣಬಾರ್ದು."

ಕೋದಂಡ ಸೊಂಟದ ಕತ್ತಿ ತೆಗೆದು ಕಟ್ಟೆಯ ಮೇಲಿಟ್ಟ. ಅದೇ ಅಂಗಳ. ಅದೇ ಜನ. ಅವಳು ನಾಲ್ಕು ವರ್ಷ ಕನಸು ಕಂಡ ಗಳಿಗೆ.

ಗೇಟಿನ ಬಳಿ ಅವಳು ಅವನನ್ನು ತಡೆದಳು.

"ಯಾಕೆ ನನ್ನ ಹೆಸರು ಹೇಳ್ಲಿಲ್ಲ? ಕರುಣೆನಾ? ನಿಮ್ಮ ಕರುಣೆ ಯಾರಿಗೆ ಬೇಕಾಗಿತ್ತು!"

"ಮಾವಂಗೆ ಮಾತು ಕೊಟ್ಟಿದ್ದೆ."

"ಏನಂತ?"

ಅವನು ಎರಡು ಹೆಜ್ಜೆ ನಡೆದು ನಿಂತ.

"ಮಾವನ ಕುಂಡ ಇಟ್ಕೊಂಡಿದ್ದೀಯಂತೆ, ಚಿಕ್ಕಗಂಗಮ್ಮ ಹೇಳಿದ್ಲು. ಒಡೆದು ಬಿಸಾಕ್ಬಿಡು ಮುತ್ಯಾಲು."

"ಯಾಕೆ? ನಿಮ್ಮ ಪಾಪ ಅದ್ರಲ್ಲಿ ಕಾಣುತ್ತೆ ಅಂತಾನಾ?"

"ಹೂಂ... ಹಂಗೇ ಅಂದ್ಕೋ."

ಆ 'ಹೂಂ' ಅವಳನ್ನು ನಿಲ್ಲಲು ಬಿಡಲಿಲ್ಲ. ಪಾಪ ಮಾಡಿದವನು ಅಷ್ಟು ಮೆತ್ತಗೆ ಹೂಂ ಎನ್ನುತ್ತಾನೆಯೇ?

ಮನೆಗೆ ಬಂದವಳೇ ಕುಂಡದ ಎದುರು ಕುಕ್ಕರಿಸಿದಳು. ನಾಲ್ಕು ವರ್ಷದಿಂದ ಬರೀ ನೋಡುತ್ತಿದ್ದ ಆ ಬಿಳಿಯ ಪುಡಿಯನ್ನು ಮೊದಲ ಬಾರಿ ಬೆರಳಿನಿಂದ ಒರೆಸಿದಳು. ವಿಷವಾದರೆ ವಿಷ... ನಾಲಿಗೆಗಿಟ್ಟಳು.

ಉಪ್ಪು.

ಬರೀ ಉಪ್ಪು!

ಅಜ್ಜಿ ತೆಂಗಿನ ಬುಡಕ್ಕೆ ಸುರಿಯುತ್ತಿದ್ದ ಕಲ್ಲುಪ್ಪು. "ಇದು ಬಿದ್ರೆ ಕಾಯಿ ಜಗ್ಗುತ್ತೆ ನೋಡು," ಎನ್ನುತ್ತಿದ್ದಳು ಅಜ್ಜಿ. ಅಡುಗೆಮನೆಯ ಉಪ್ಪಿನ ಮಡಕೆಯಿಂದ ಕುಂಡಕ್ಕೊಂದು ಹಿಡಿ, ಯಾರಿಗೂ ಕಾಣದಂತೆ ಮಣ್ಣು ಕೆದಕಿ ಮುಚ್ಚಿದ್ದ ಹದಿನಾರು ವರ್ಷದ ಅವಳದೇ ಕೈ... ಮರ ತಡೆದುಕೊಂಡಿತ್ತು. ಮೊಣಕೈಯುದ್ದದ ಗುಲಾಬಿ, ಒಂದು ಬೊಗಸೆ ಮಣ್ಣಿನಲ್ಲಿ, ಎಲ್ಲಿಗೆ ಓಡಬೇಕಾಗಿತ್ತು?

ಹಾಗಾದರೆ ಆ ಸಂಜೆ ಕೋದಂಡ ಸುರಿಯುತ್ತಿದ್ದದ್ದು ನೀರು! ಉಪ್ಪು ತೊಳೆದು ತಳದಿಂದ ಹೋಗಲೆಂದು, ಕೊಡದ ಮೇಲೆ ಕೊಡ ನೀರು! ಅವಳನ್ನು ಕಂಡು ಅವನು ಮರೆಮಾಡಿದ್ದು ತನ್ನ ತಪ್ಪನ್ನಲ್ಲ, ಅವಳದನ್ನು.

ಅಪ್ಪನಿಗೂ ಗೊತ್ತಿತ್ತು. ಕೋದಂಡ ಕೊಟ್ಟಿದ್ದ ಮಾತು ಅದೇ, ಅವಳಿಗೆ ತಿಳಿಯಬಾರದೆಂದು. "ನಂದೇ ತಪ್ಪು ಸ್ವಾಮಿ..." ಸಾಯುವವರೆಗೂ ಗೋಡೆ ನೋಡಿದ್ದು, ಮಗಳ ಮುಖ ನೋಡಿದರೆ ಬಾಯಿತಪ್ಪಿ ಹೇಳಿಬಿಟ್ಟೇನೆಂದೋ ಏನೋ.

ಅವಳು ಅಳಲಿಲ್ಲ. ನಾಲ್ಕು ವರ್ಷ ಸಾಣೆ ಹಿಡಿದ ಸೇಡಿಗೆ ಕೊನೆಗೂ ಸರಿಯಾದ ಮನೆ ಸಿಕ್ಕಿತ್ತು. ಅದು ಅವಳದೇ ಎದೆ.

ಬೆಳಗ್ಗೆ ಆಳುಗಳೆಲ್ಲ ಸೇರಿದ ಹೊತ್ತಿಗೆ ಅವಳು ಆ ಕುಂಡವನ್ನು ಹೊತ್ತು ಸಾಹುಕಾರರ ಮುಂದೆ ನಿಂತಳು. ಗಂಟು ಹಿಡಿದು ಹೊರಟಿದ್ದ ಕೋದಂಡ ಗೇಟಿನ ಹತ್ತಿರ ನಿಂತುಬಿಟ್ಟ.

"ಬೇಡ ಮುತ್ಯಾಲು..."

"ಸುಮ್ನಿರಿ! ನೀವು ನಾಲ್ಕು ವರ್ಷ ಸುಮ್ನಿದ್ದದ್ದು ಸಾಕಾಗಿತ್ತಲ್ಲ, ಇನ್ನೊಂದು ಗಳಿಗೆ ಇರಿ." ಅವಳು ಸಾಹುಕಾರರತ್ತ ತಿರುಗಿದಳು. "ಸ್ವಾಮಿ, ಈ ಸಲ ಕುಂಡದ ತೂತು ಮುಚ್ಚಿದವಳು ನಾನು. ಅವತ್ತು ಉಪ್ಪು ಹಾಕಿ ಕೊಂದವಳೂ ನಾನೇ. ಅವತ್ತು ತಿಳೀದೆ, ಈ ಸಲ ತಿಳಿದೇ. ನಮ್ಮಪ್ಪನ ತಪ್ಪಿಲ್ಲ. ಇವರದೂ ಇಲ್ಲ. ಎಲ್ರೂ ಕೇಳಿಸ್ಕೊಳ್ಳಿ!"

ಶ್ರೀನಿವಾಸಪ್ಪನವರು ಮೂವರನ್ನೂ ನೋಡಿದರು, ಅವಳನ್ನು, ಕೋದಂಡನನ್ನು, ಸತ್ತ ಗಿಡವನ್ನು.

"ನಾನೇ ನಾನೇ ಅನ್ನೋಕೆ ಇದೇನು ಸಂತರ್ಪಣೆ ಸಾಲಾ?" ಎಂದು ಗದರಿದರು. ಆಮೇಲೆ ಬಗ್ಗಿ ಕುಂಡದ ಬಿಳಿಯ ಪುಡಿಯನ್ನೊಮ್ಮೆ ಬೆರಳಿನಿಂದ ಮುಟ್ಟಿದರು. "ದೊಡ್ಡಮುನಿಯಪ್ಪ ಒಂದ್ಮಾತು ಹೇಳಬೇಕಾಗಿತ್ತು ನಂಗೆ..." ಎಂದವರ ದನಿ ಇಳಿದಿತ್ತು. "ಪ್ರದರ್ಶನದ ತನಕ ಇಬ್ರೂ ಇರಿ. ಉಳಿಸೋಕಾದಷ್ಟು ಉಳಿಸಿ. ಆಮೇಲೆ ಇಬ್ರೂ ಹೋಗಿ."

ಹತ್ತು ದಿನ ಇಬ್ಬರೂ ಒಟ್ಟಿಗೆ ಬಗ್ಗಿದರು. ಕುಂಡ ಬೋರಲು ಹಾಕಿ ತಟ್ಟಿ, ಮಣ್ಣಿನುಂಡೆಯ ಸಮೇತ ಗಿಡ ಹೊರತೆಗೆದು, ಕಪ್ಪಾದ ಬೇರು ಕತ್ತರಿಸಿ, ಹೊಸ ಮಣ್ಣಿನಲ್ಲಿಟ್ಟು ನೆರಳಿಗೆ ಸಾಗಿಸಿದರು. ಹನ್ನೊಂದು ಉಳಿದವು. ಬಹುಮಾನ ಬರಲಿಲ್ಲ.

ಕೊನೆಯ ದಿನ ಕೈ ತೊಳೆಯುತ್ತಾ ಅವಳು ಕೇಳಿದಳು.

"ನಾನು ಯಾಕೆ ಬಂದೆ ಅಂತ ಗೊತ್ತಿತ್ತಾ?"

"ಬಂದ ದಿನಾನೇ. ನಿನ್ನ ಕಣ್ಣಲ್ಲೇ ಇತ್ತು."

"ಗೊತ್ತಿದ್ದೂ ಕೆಲಸ ಕೊಟ್ರಾ? ಕುಂಡನೂ ನನ್ನ ಕೈಗೇ ಕೊಟ್ಟು ಹೋದ್ರಾ?"

ಕೋದಂಡ ಬೆರಳ ಮಣ್ಣನ್ನು ಉಜ್ಜುತ್ತಲೇ ಇದ್ದ.

"ಸೇಡಿಗಲ್ದೆ ಬೇರೆ ಯಾವ ನೆಪಕ್ಕೆ ನೀನು ಬರ್ತಿದ್ದೆ ಹೇಳು?"

ಆಗ ಅವಳು ಅತ್ತಳು. ಅವನು ಅವಳ ಕೈಗೆ ನೀರು ಹೊಯ್ಯುತ್ತಾ ನಿಂತ.

ಇಬ್ಬರೂ ಗೌನಿಪಲ್ಲಿಗೆ ಬಂದರು. ಅಜ್ಜಿಯ ಬಾವಿಕಟ್ಟೆಯ ತೊಟ್ಟಿಯಲ್ಲಿ, ಮಣ್ಣು ತೆಗೆದ ಅಪ್ಪನ ಕುಂಡ ಎಂಟು ದಿನ ನೀರಲ್ಲಿ ಮುಳುಗಿತ್ತು. ದಿನವೂ ಆ ನೀರು ಚೆಲ್ಲಿ ಹೊಸದು ತುಂಬಿದರು. ಒಂಬತ್ತನೆಯ ದಿನ ಅವಳು ಕುಂಡದ ಮೈಗೆ ನಾಲಿಗೆಯಿಟ್ಟು ನೋಡಿದಳು. ಬರೀ ಮಣ್ಣಿನ ರುಚಿ. ಉಳಿದ ಹನ್ನೊಂದರಲ್ಲಿ ಒಂದರಿಂದ ತಂದ ಕಡ್ಡಿಯನ್ನು ಅದರಲ್ಲಿ ನೆಟ್ಟಳು.

ಕಡ್ಡಿಯ ಎರಡನೆಯ ಕಣ್ಣು ಕೆಂಪಗೆ ಒಡೆದ ಬೆಳಗ್ಗೆ ಅವಳು ಚೊಂಬು ಹಿಡಿದು ಓಡಿ ಬಂದಳು.

"ನೀರು ಹಾಕ್ಲಾ?"

"ನನ್ನ ಯಾಕೆ ಕೇಳ್ತೀಯ, ಅದನ್ನ ಕೇಳು."

ಅವಳು ಬಗ್ಗಿ ಗೆಣ್ಣಿನಿಂದ ತಟ್ಟಿದಳು. ಟಣ್!

"ಬಾಯಾರಿದೆಯಂತೆ... ಬಾವ."

ನಾಲ್ಕು ವರ್ಷದ ಮೇಲೆ ಆ ಕರೆ. ಕೋದಂಡ ತಲೆ ತಗ್ಗಿಸಿದ.

"ಇನ್ನೊಂದ್ಸಲ," ಎಂದ.

"ಏನು, ತಟ್ಟಬೇಕಾ?"

"ಅದಲ್ಲ ಕಣೇ..."

ಅವಳು ನಕ್ಕು, ಚೊಂಬನ್ನು ಅವನ ಕೈಗಿತ್ತಳು.

"ಮೆತ್ತಗೆ ಹಾಕು, ಬಾವ. ತಳದಿಂದ ಇಳಿಯೋ ತನಕ ನಾನಿಲ್ಲೇ ಇರ್ತೀನಿ."