ನಡುಪಟ್ಟಿಯ ದೀಪ

ಮುಕ್ತಾ ಹಾಸಿಗೆಯಲ್ಲಿ ಎಡಕ್ಕೆ ಹೊರಳಿದಳು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ. ಆರು ತಿಂಗಳು ತುಂಬಿದ ಬಸುರಿ ಬೆಳ್ಳಂಬೆಳಗ್ಗೆ ಹೀಗೆ ಹೊರಳಾಡುತ್ತಿರುವುದನ್ನು ಕಂಡು ಗಂಡ ಚನ್ನವೀರ ಗಾಬರಿಯಿಂದ ಎದ್ದು ಕುಳಿತ.

“ಯಾಕ? ಭಾಳ ನೋಯಾಕತ್ತೇತೇನು?”

“ಇಲ್ರಿ, ನೋಯವಲ್ದು. ಅದಕ್ಕ ಹೊಳ್ಳಾಕತ್ತೀನಿ.”

ಅಷ್ಟಕ್ಕೇ ಬಿಡಲಿಲ್ಲ ಅವಳು. ಗೋಡೆ ಹಿಡಿಯದೆ ಎದ್ದಳು. ನಿಂತುಕೊಂಡೇ ಒಂದು ಕಾಲು ಎತ್ತಿ ಪೈಜಾಮ ಏರಿಸಿದಳು, ಆಮೇಲೆ ಇನ್ನೊಂದು ಕಾಲು. ತಿಂಗಳೊಪ್ಪತ್ತಿನಿಂದ ಈ ಒಂದು ಕೆಲಸಕ್ಕೆ ಅವಳು ಮಂಚದ ಅಂಚಿನಲ್ಲಿ ಕೂತು, ಹಲ್ಲು ಕಚ್ಚಿ, ಗಂಡನನ್ನು ಕೂಗಬೇಕಾಗುತ್ತಿತ್ತು. ಈಗ ನೋಡಿದರೆ ಕನ್ನಡಿಯ ಮುಂದೆ ಒಂಟಿಕಾಲಿನಲ್ಲಿ ನಿಂತು ನಗುತ್ತಿದ್ದಾಳೆ.

ನಗಿಸಿದ್ದು ಅವಳ ಹೊಟ್ಟೆಯ ಕೆಳಗೆ ಸೊಂಟವನ್ನು ಸುತ್ತಿಕೊಂಡಿದ್ದ ನಾಲ್ಕು ಬೆರಳಗಲದ ಬೂದು ಪಟ್ಟಿ. ಧಾರವಾಡದ ಪ್ರಯೋಗಾಲಯವೊಂದರಲ್ಲಿ ಡಾಕ್ಟರ್ ಪದ್ಮಾಕ್ಷಿ ಹಂಚಿನಾಳ ಎಂಬ ಕೀಲುಗಳ ತಜ್ಞೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ನಡುಪಟ್ಟಿ ಅದು. ನಮ್ಮ ಸೊಂಟದ ಎಲುಬುಗಳೆಲ್ಲ ಸೇರಿ ಒಂದು ಬಳೆಯ ಹಾಗಿವೆ. ಆ ಬಳೆಗೆ ಮುಂದೆ ಒಂದು ಕೀಲು, ಹಿಂದೆ ಬೆನ್ನೆಲುಬಿನ ಬುಡದಲ್ಲಿ ಎರಡು. ಬಸಿರಿನಲ್ಲಿ ಮಗುವಿಗೆ ದಾರಿ ಬಿಡಲೆಂದು ದೇಹವೇ ಹಾರ್ಮೋನುಗಳನ್ನು ಸುರಿಸಿ, ಈ ಕೀಲುಗಳನ್ನು ಹಿಡಿದಿಟ್ಟ ನಾರುಗಳನ್ನು ಸಡಿಲ ಮಾಡುತ್ತದೆ. ಕೆಲವರಲ್ಲಿ ಕೀಲುಗಳು ಒಂದೊಂದು ಒಂದೊಂದು ಕಡೆಗೆ ಜಗ್ಗಾಡತೊಡಗುತ್ತವೆ. ಆಗ ನಡೆದರೆ ನೋವು, ಮೆಟ್ಟಿಲು ಹತ್ತಿದರೆ ನೋವು, ಮಗ್ಗುಲು ಬದಲಿಸಿದರೆ ಜೀವ ಬಾಯಿಗೆ ಬರುವಷ್ಟು ನೋವು. ಪದ್ಮಾಕ್ಷಿಯ ಪಟ್ಟಿಯನ್ನು ಸ್ನಾಯುವಿನಂತೆ ತಾನೇ ಬಿಗಿಯುವ, ತಾನೇ ಸಡಿಲಾಗುವ ಎಳೆಗಳಿಂದ ನೇಯಲಾಗಿತ್ತು. ಕೀಲು ಎತ್ತ ಜಾರಲಿದೆಯೋ ಅತ್ತ ಅದು ಮೊದಲೇ ಬಿಗಿಯುತ್ತಿತ್ತು. ಇನ್ನೂ ಉಳಿದ ನೋವನ್ನು ಬೆನ್ನ ಹಿಂದಿನ ಒಂದು ಬಿಲ್ಲೆ ಬಟ್ಟೆಯ ಮೇಲಿಂದಲೂ ಹಾಯುವ ಸಣ್ಣ ವಿದ್ಯುತ್ ಮಿಡಿತಗಳಿಂದ ಅಲ್ಲಲ್ಲೇ ತಡೆದು, ಮಿದುಳಿಗೆ ಮುಟ್ಟಗೊಡುತ್ತಿರಲಿಲ್ಲ.

ಅದು 2058ನೆಯ ಇಸವಿ. ಬೆಟಗೇರಿಯ ಓಣಿಯೊಂದರ ಮಹಡಿ ಮನೆಗೆ, ಪರೀಕ್ಷೆಗೆಂದು ಆಯ್ದ ಕೆಲವೇ ಮನೆಗಳಲ್ಲಿ ಒಂದಕ್ಕೆ, ಆ ಪಟ್ಟಿ ಬಂದಿತ್ತು. ಮುಕ್ತಾ ಕಪ್ಪತಗುಡ್ಡದ ಸೆರಗಿನಲ್ಲಿ ಗಾಳಿಯಂತ್ರಗಳ ಮೇಲ್ವಿಚಾರಣೆ ಮಾಡುವ ತಂತ್ರಜ್ಞೆ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಎಂದು ಆಗಲೇ ತೀರ್ಮಾನವಾಗಿತ್ತು.

ಪಟ್ಟಿ ಬರುವ ಮೊದಲಿನ ದಿನಗಳು ಮುಕ್ತಾಳಿಗೆ ನೆನಪಾದರೆ ಮೈ ಝುಂ ಎನ್ನುತ್ತಿತ್ತು. ಆದರೆ ಆ ದಿನಗಳಲ್ಲಿ ಮನೆಯೆಂಬ ಮನೆಯೇ ಅವಳ ಸುತ್ತ ನಿಂತಿತ್ತು. ಚನ್ನವೀರ ಅಡುಗೆ ಕಲಿತ. ಅತ್ತೆ ಸುವರ್ಣಾ ಒಂದು ಲೋಟವನ್ನೂ ಅವಳಿಂದ ಎತ್ತಿಸುತ್ತಿರಲಿಲ್ಲ. ಎಷ್ಟೆಂದರೆ, ಯಾವ ಡಾಕ್ಟರೂ ಹೇಳುವ ಮುಂಚೆ ಅತ್ತೆಯೇ ಒಂದು ತಲೆದಿಂಬು ತಂದು ಮುಕ್ತಾಳ ಮೊಣಕಾಲುಗಳ ನಡುವೆ ಇಟ್ಟು, “ಎರಡೂ ಕಾಲು ಕೂಡಿಸ್ಕೊಂಡು ಹೊಳ್ಳು, ಕಡಿಮಿ ನೋಯತೈತಿ” ಎಂದಿದ್ದಳು. ಇದು ಅತ್ತೆಗೆ ಹೇಗೆ ಗೊತ್ತು ಎಂದು ಮುಕ್ತಾ ಕೇಳಲಿಲ್ಲ. ಆ ನೋವಿನಲ್ಲಿ ಕೇಳುವ ಪುರಸೊತ್ತು ಎಲ್ಲಿತ್ತು?

ಪಟ್ಟಿ ಬಂದ ದಿನ ಅತ್ತೆ ಅದಕ್ಕೆ ಕೈಮುಗಿದಳು. ಓಣಿಗೆಲ್ಲ ಸಕ್ಕರೆ ಹಂಚಿದಳು. ಆಮೇಲೆ ಮನೆ ಮೆಲ್ಲಗೆ ಮೊದಲಿನ ಹಳಿಗೆ ಬಂತು.

ಯಾರೂ ಕೆಟ್ಟವರಾಗಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಚನ್ನವೀರ ಒಂದು ಸಂಜೆ ಗೆಳೆಯನನ್ನು ಕಾಣಲು ಹೋದ, ರೊಟ್ಟಿ ಮುಕ್ತಾ ಬಡಿದಳು. ಮರುದಿನವೂ ಅವಳೇ ಬಡಿದಳು. ಮಾಳಿಗೆಯ ಮೇಲೆ ಒಣಹಾಕಿದ್ದ ಬಟ್ಟೆ ತರಲು ಅತ್ತೆ ಏಳುವಷ್ಟರಲ್ಲಿ “ನಾ ತರ್ತೀನಿ ಬಿಡ್ರಿ” ಎಂದವಳು ಮುಕ್ತಾಳೇ. ಕೆಲವೇ ದಿನಗಳಲ್ಲಿ ಅದನ್ನು ಯಾರೂ ಕೇಳಬೇಕಾಗಲೂ ಇಲ್ಲ, ಹೇಳಬೇಕಾಗಲೂ ಇಲ್ಲ. ಒಮ್ಮೆ ಅವಳು “ಯಾಕೋ ಕಾಲು ಭಾರ ಆಗ್ಯಾವ” ಎಂದಾಗ ಮೂವರ ಮನೆಯಲ್ಲಿ ಇಬ್ಬರ ಬಾಯಿಂದ ಒಟ್ಟಿಗೇ ಬಂದ ಮಾತು ಒಂದೇ: “ಪಟ್ಟಿ ಐತಲ್ಲ!”

ಹೌದು, ಪಟ್ಟಿ ಇತ್ತು. ನೋವೂ ಇರಲಿಲ್ಲ. ಆದರೂ ಮುಕ್ತಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸೊಂಟ ತನ್ನದೇ ಅಲ್ಲವೇನೋ, ಯಾರದೋ ಸೊಂಟವನ್ನು ಎರವಲು ತಂದು ತಿರುಗಾಡುತ್ತಿದ್ದೇನೇನೋ ಎನ್ನಿಸುತ್ತಿತ್ತು. ಕಿಟಕಿಗೆ ಹೋಗುವಳು, ಬಾಗಿಲಿಗೆ ಬರುವಳು, ನೀರು ಕುಡಿಯದೆ ಲೋಟ ತೊಳೆದಿಡುವಳು. ಒಳಗೆ ಏನೋ ಸರಿಯಿಲ್ಲ. ಆದರೆ ಸರಿಯಿಲ್ಲ ಎಂದು ಹೇಳಲು ನೋವೇ ಇಲ್ಲದ ಮೇಲೆ ಏನೆಂದು ಹೇಳುವುದು?

ಏಳನೆಯ ತಿಂಗಳಿಗೆ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಹರಸುವ ಆ ಸಡಗರವನ್ನು ಅತ್ತೆಯೇ ಮುಂದೆ ನಿಂತು ನಡೆಸಿದಳು. ಗದಗ, ರೋಣ, ನರಗುಂದ ಎಂದು ಎಲ್ಲೆಲ್ಲಿಂದಲೋ ಬೀಗರು ಬಂದರು. ಯಾರೋ ಒಬ್ಬಳ ಸಲಹೆಯಂತೆ ಪಟ್ಟಿಯನ್ನು ಸೀರೆಯ ಮೇಲೆಯೇ, ಬಂಗಾರದ ಡಾಬಿನ ಹಾಗೆ ಎಲ್ಲರಿಗೂ ಕಾಣುವಂತೆ ಕಟ್ಟಿದರು. ಅಜ್ಜಿಯೊಬ್ಬಳು ಅದಕ್ಕೂ ಅರಿಷಿಣ ಕುಂಕುಮ ಏರಿಸಿ ಹಣೆ ಮುಟ್ಟಿಸಿದಳು.

ಆರತಿ ಮುಗಿದ ಮೇಲೆ ಹಿರಿಯರ ಕಾಲಿಗೆ ಬೀಳುವುದು ಬಾಕಿ ಇತ್ತು. ಸೊಂಟನೋವಿನ ಬಸುರಿಯಾಗಿದ್ದರೆ ಕೂತಲ್ಲಿಂದಲೇ ಕೈಮುಗಿ ತಾಯಿ ಎನ್ನುತ್ತಿದ್ದರು. ಮುಕ್ತಾಳಿಗೆ ಆ ವಿನಾಯಿತಿ ಇರಲಿಲ್ಲ. ಬಗ್ಗಿದಳು, ಎದ್ದಳು. ಮತ್ತೊಬ್ಬರ ಮುಂದೆ ಬಗ್ಗಿದಳು, ಎದ್ದಳು. ಬಂದವರಿಗೆ ಅದೊಂದು ತಮಾಷೆಯೇ ಆಗಿಹೋಯಿತು. ಕಾಲಿಗೆ ಬಿದ್ದಾದ ಮೇಲೂ “ಇನ್ನೊಮ್ಮಿ ಏಳವಾ, ಈ ಪಟ್ಟಿ ಹೆಂಗ ಎತ್ತತೈತಿ ನೋಡೂಣು” ಎಂದು ಪಟ್ಟಿಯ ಕೈಚಳಕ ನೋಡಿದವರಿದ್ದರು. ಮುಕ್ತಾ ಅತ್ತೆಯ ಮುಖ ನೋಡಿದಳು. ಅತ್ತೆಯ ಮುಖದಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು. ಮತ್ತೊಮ್ಮೆ ಬಗ್ಗಿ ಎದ್ದಳು.

ಸಂಜೆ ಬೀಗರೆಲ್ಲ ಹೋದ ಮೇಲೆ ಅವಳು ಜಳಕಕ್ಕೆಂದು ಪಟ್ಟಿ ಬಿಚ್ಚಿದಳು. ಬಚ್ಚಲಿನ ಹೊಸ್ತಿಲು ದಾಟಲು ಬಲಗಾಲು ಎತ್ತಲು ಹೋದಳು. ಕಾಲು ಏಳಲಿಲ್ಲ. ಅದುವರೆಗೆ ತಡೆದಿಟ್ಟಿದ್ದೆಲ್ಲ ಒಮ್ಮೆಲೇ ಕಟ್ಟೆಯೊಡೆದು ನುಗ್ಗಿತು. ಅವಳು ಬಾಗಿಲಿನ ಚೌಕಟ್ಟು ಹಿಡಿದು ಕಿರುಚಿದ ಕೂಗಿಗೆ ಓಣಿಯವರು ಹೊರಗೆ ಬಂದರು.

ಆಸ್ಪತ್ರೆಯಲ್ಲಿ ಚಿತ್ರ ತೆಗೆದು ನೋಡಿದರು. ಮಗುವಿಗೆ ಏನೂ ಆಗಿರಲಿಲ್ಲ. ಆದರೆ ಮುಂದಿನ ಕೀಲಿನ ಎರಡು ಎಲುಬುಗಳ ನಡುವಿನ ಬಿರುಕು ಹಿಗ್ಗಿತ್ತು. ಇನ್ನೂ ಹಿಗ್ಗಿದರೆ ಹೆರಿಗೆಯಾದ ಮೇಲೂ ಬಹಳ ಕಾಲ ಊರುಗೋಲಿಲ್ಲದೆ ನಡೆಯಲಾಗದು, ಮಗುವನ್ನು ಎತ್ತಿಕೊಂಡು ಓಡಾಡುವ ಮಾತಂತೂ ದೂರ ಎಂದರು ಡಾಕ್ಟರು. ಚನ್ನವೀರನ ಮುಖ ಸಪ್ಪಗಾಯಿತು. ಅತ್ತೆ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

ಪದ್ಮಾಕ್ಷಿ ಮರುದಿನವೇ ಧಾರವಾಡದಿಂದ ಓಡಿಬಂದಳು. ಕೂದಲು ಬಾಚಿರಲಿಲ್ಲ. ಮಂಚದ ಪಕ್ಕ ಕೂತು ಪಟ್ಟಿಯನ್ನು ತಿರುವಿ ತಿರುವಿ ನೋಡಿದಳು.

“ಪಟ್ಟಿ ಕೆಟ್ಟಿಲ್ಲ ಮುಕ್ತಾ ಅವರ. ಅದರ ಕೆಲಸ ಅದು ಮಾಡೇತಿ. ತಪ್ಪಿದ್ದು ನಾನು. ನೋವು ಅನ್ನೋದು ಬರೇ ತ್ರಾಸು ಅಂತ ತಿಳ್ಕೊಂಡಿದ್ದೆ. ಅದು ಸುದ್ದಿನೂ ಹೌದು. ನಾ ಆ ಸುದ್ದಿ ಬಾಯಿನ ಮುಚ್ಚಿಬಿಟ್ಟೆ.” ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, “ಒಂದು ಕೆಲಸ ಮಾಡಬಹುದು. ಒಂಚೂರು ನೋವು ಹಾದುಹೋಗೋ ಹಂಗ ಬಿಡ್ತೀನಿ. ಕೀಲು ದಣದಿದ್ದು ನಿಮಗ ಗೊತ್ತಾಗತೈತಿ” ಎಂದಳು.

ಮುಕ್ತಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. “ನನಗ ಗೊತ್ತಾದ್ರ ಏನು ಬಂತ್ರಿ ಮೇಡಂ? ನನಗ ಅವತ್ತೂ ಗೊತ್ತಿತ್ತು, ಏನೋ ಸರಿ ಇಲ್ಲ ಅಂತ. ಗೊತ್ತಾಗಬೇಕಾಗಿದ್ದು ಮನ್ಯಾಗಿನವರಿಗೆ.”

ಮುಕ್ತಾ ಕಣ್ಣೊರೆಸಿಕೊಂಡು ಮುಂದುವರಿಸಿದಳು. “ನಮ್ಮ ಗಾಳಿಯಂತ್ರ ಅದಾವಲ್ರಿ, ಅದರ ಬೇರಿಂಗ್ ಕಾದ್ರ ನಮ್ಮ ಕೋಣ್ಯಾಗ ಕೆಂಪು ದೀಪ ಹತ್ತತೈತಿ. ಹತ್ತಿದ ಕೂಡ್ಲೆ ಯಂತ್ರ ನಿಲ್ಲಸ್ತೀವಿ. ಬಾಜೂಕಿನ ಯಂತ್ರ ತಿರಗಾಕತ್ತೇತಿ, ನಿನಗೇನು ಧಾಡಿ ಅಂತ ಅದಕ್ಕ ಒಬ್ರೂ ಅನ್ನಂಗಿಲ್ಲ. ನನಗೂ ಅಂಥಾದ್ದೊಂದು ದೀಪ ಹಾಕಿಕೊಡ್ರಿ. ನನಗ ಕಾಣೋ ಹಂಗಲ್ಲ. ಅವರಿಗೆ ಕಾಣೋ ಹಂಗ.”

ಹೀಗೆ ನಡುಪಟ್ಟಿಗೆ ದೀಪ ಬಂತು. ಕೀಲುಗಳ ಜಗ್ಗಾಟವನ್ನು ಪಟ್ಟಿ ಮೊದಲಿನಿಂದಲೂ ಅಳೆಯುತ್ತಲೇ ಇತ್ತು. ಅಳತೆ ಮೀರುವ ಮೊದಲೇ ಮುಂಭಾಗದಲ್ಲಿ ಗೋಲಿಯಷ್ಟು ದೊಡ್ಡ ಕೆಂಪು ದೀಪ ಹತ್ತುವಂತೆ, ವಿಶ್ರಾಂತಿ ಸಾಕಾದಾಗ ಆರುವಂತೆ ಪದ್ಮಾಕ್ಷಿ ಮಾಡಿಕೊಟ್ಟಳು.

ದೀಪದ ಮಹಿಮೆ ಏನೆಂದು ಹೇಳುವುದು! ಮುಕ್ತಾ ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಅವಳ ಮುಖ ನೋಡುವವರು ಕಡಿಮೆಯಾದರು, ಸೊಂಟ ನೋಡುವವರು ಹೆಚ್ಚಾದರು. ದೀಪ ಮಿನುಗಿತೋ ಇಲ್ಲವೋ, “ಏ, ಹತ್ತಿತು ಹತ್ತಿತು! ಕೂಡ್ರವಾ ಮೊದಲ!” ಎಂದು ಅತ್ತೆ ಕೈಯಲ್ಲಿದ್ದ ಪಾತ್ರೆ ಕಸಿದುಕೊಳ್ಳುವಳು. ಚನ್ನವೀರ ಎಲ್ಲಿದ್ದರೂ ಓಡಿಬಂದು ಕುರ್ಚಿ ಎಳೆಯುವನು. ಎದುರುಮನೆಯವರು ಕಿಟಕಿಯಿಂದಲೇ ಎಚ್ಚರಿಸುವರು. ಬಿರುಕು ಹಿಗ್ಗುವುದು ನಿಂತಿತು.

ಮುಕ್ತಾಳಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಒಂದು ಮಧ್ಯಾಹ್ನ ಕೈಕಾಲು ಸೋಲುವಂತೆ ದಣಿದು, “ನನಗ ಸಾಕಾಗೇತ್ರಿ, ಇವತ್ತು ರೊಟ್ಟಿ ನೀವು ಬಡೀರಿ” ಎಂದಳು ಗಂಡನಿಗೆ. ಚನ್ನವೀರ ಅವಳ ಸೊಂಟದತ್ತ ಬಗ್ಗಿ ನೋಡಿ, ಅತ್ಯಂತ ಮುಗ್ಧವಾಗಿ, “ದೀಪ ಹತ್ತಿಲ್ಲಲ್ಲ?” ಎಂದ.

ಅವಳಿಗೆ ಮೈಯೆಲ್ಲ ಉರಿಯಿತು. ಹಿಟ್ಟಿನ ಪರಾತವನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು. ಮಾತು ಬರುವ ಹೆಂಗಸಿನ ಮಾತಿಗೆ ಇಲ್ಲದ ಬೆಲೆ ಒಂದು ಗೋಲಿ ದೀಪಕ್ಕೆ. ಪದ್ಮಾಕ್ಷಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು.

“ಕೀಲು ದಣದಿದ್ದನ್ನ ತೋರಸೋ ಯಂತ್ರ ಮಾಡಬಲ್ಲೆ ಮುಕ್ತಾ ಅವರ,” ಎಂದಳು ಪದ್ಮಾಕ್ಷಿ. “ಮನ್ಯಾಗಿನವರು ನಿಮ್ಮನ್ನ ನಂಬೋ ಹಂಗ ಮಾಡೋ ಯಂತ್ರ ನನ್ನ ಕಡೆ ಇಲ್ಲ.”

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು. ದಿನ ಕಳೆದಂತೆ ಸಡಿಲಾಗಿದ್ದ ಕೀಲುಗಳು ಮತ್ತೆ ಬಿಗಿಯಾದವು. ಮುಕ್ತಾ ಊರುಗೋಲಿಲ್ಲದೆ, ಕೂಸನ್ನು ಹೆಗಲಿಗೆ ಹಾಕಿಕೊಂಡು ಮನೆಯ ತುಂಬ ಓಡಾಡಿದಳು. ಪಟ್ಟಿಯ ಕೆಲಸ ಮುಗಿಯಿತು. ಅದನ್ನು ಇನ್ನೊಬ್ಬ ಬಸುರಿಗೆ ಕೊಡಬೇಕು, ನಾಳೆ ಬಂದು ಒಯ್ಯುತ್ತೇವೆ ಎಂದು ಧಾರವಾಡದಿಂದ ಹೇಳಿಕಳಿಸಿದರು. ಮುಕ್ತಾ ಅದನ್ನು ಒರೆಸಿ, ಬಿಸಿಲಿಗೆ ಇಟ್ಟು ಕೂಸನ್ನು ಮಲಗಿಸಲು ಹೋದಳು.

ತಿರುಗಿ ಬಂದಾಗ ಪಟ್ಟಿ ಇಟ್ಟ ಜಾಗದಲ್ಲಿ ಇರಲಿಲ್ಲ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಇಣುಕಿ ನೋಡಿದಳು. ಅತ್ತೆ ಸೀರೆಯ ಮೇಲೆ ಪಟ್ಟಿ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದಳು. ಒಂದು ರೊಟ್ಟಿ ಬಡಿದು ಹಂಚಿಗೆ ಹಾಕುವಳು, ಬಗ್ಗಿ ಸೊಂಟದ ದೀಪ ನೋಡಿಕೊಳ್ಳುವಳು. ಇನ್ನೊಂದು ಬಡಿಯುವಳು, ಮತ್ತೆ ನೋಡಿಕೊಳ್ಳುವಳು.

ಸೊಸೆಯನ್ನು ಕಂಡು ಅವಳಿಗೆ ನಾಚಿಕೆಯಾಯಿತು. “ಸುಮ್ನ ಕಟ್ಟಿ ನೋಡಿದೆವಾ. ನನಗ ಇದರ ದೀಪ ಹತ್ತವಲ್ದು” ಎಂದು ಪಟ್ಟಿಯ ಕೊಂಡಿ ಬಿಚ್ಚಲು ಹೋದಳು.

ಮೊಣಕಾಲುಗಳ ನಡುವಿನ ತಲೆದಿಂಬು ಮುಕ್ತಾಳಿಗೆ ನೆನಪಾದದ್ದು ಆಗ.

“ಅತ್ತಿ, ನಿಮ್ಮ ಮಗ ಹೊಟ್ಟ್ಯಾಗ ಇದ್ದಾಗ ನಿಮಗೂ ನೋಯತಿತ್ತೇನ್ರಿ?”

ಸುವರ್ಣಾ ಹಿಟ್ಟಿನ ಕೈಯನ್ನು ನೋಡಿಕೊಂಡಳು. “ಈ ಮನಿ ಮೆಟ್ಟಲಾ ನಾ ಕುಂತು ಕುಂತು ಏರತಿದ್ದೆ. ದವಾಖಾನ್ಯಾಗ, ಬಸಿರಾಗ ಇದೆಲ್ಲಾ ಇರೋದ ಅಂದ್ರು. ಮನ್ಯಾಗ, ಎಲ್ಲಾರೂ ಹಡದಾರ, ನೀ ಒಬ್ಬಾಕಿನ ಏನು ಅಂದ್ರು. ಆಮ್ಯಾಲ ನಾನೂ ಅನ್ನೋದು ಬಿಟ್ಟೆ. ಎಷ್ಟೋ ವರ್ಷ ಆತು ಬಿಡು.”

“ಮತ್ತ ನನಗ್ಯಾಕ ಹೇಳಲಿಲ್ರಿ?”

“ಹೇಳಿದ್ರ ಯಾರು ನಂಬತಾರವಾ?”

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಮುಕ್ತಾ ಮುಂದೆ ಬಂದು ಅದನ್ನು ತಿರುವಿಹಾಕಿದಳು. ಕಾಲಿನಿಂದಲೇ ಮಣೆಯನ್ನು ಗೋಡೆಗೆ ಸರಿಸಿದಳು.

“ಕೂಡ್ರಿ ಅತ್ತಿ.”

“ದೀಪ ಹತ್ತಿಲ್ಲಲ್ಲವಾ?”

“ಹತ್ತೋದೇನೂ ಬ್ಯಾಡ. ಕೂಡ್ರಿ.”

ಸುವರ್ಣಾ ನಂಬಿಕೆಯಿಲ್ಲದೆ ಇನ್ನೊಮ್ಮೆ ಪಟ್ಟಿಯತ್ತ ನೋಡಿದಳು. ಆಮೇಲೆ ಗೋಡೆ ಹಿಡಿದು, ಎರಡೂ ಕಾಲು ಕೂಡಿಸಿಕೊಂಡು, ಮೆಲ್ಲಗೆ ಮಣೆಯ ಮೇಲೆ ಕುಳಿತಳು. ಕುಳಿತವಳು ಕಣ್ಣು ಮುಚ್ಚಿದಳು. ಅವಳ ಮಗನಿಗೆ ಆಗ ಮೂವತ್ತೆರಡು ವರ್ಷ. ಕೂತುಕೋ ಎಂಬ ಈ ಒಂದು ಮಾತಿಗಾಗಿ ಅವಳು ಮೊದಲ ಸಲ ಇದೇ ಮನೆಯ ಮೆಟ್ಟಿಲ ಮೇಲೆ ಕುಳಿತು ಕಾದದ್ದು 2026ರಲ್ಲಿ. ಆಗ ಇಂಥ ಪಟ್ಟಿ ಇರಲಿಲ್ಲ, ಆದರೆ ಮನೆಯ ತುಂಬ ಮಾತು ಬಲ್ಲ ಜನರಿದ್ದರು.